ನಾಟಕ ಮುಗಿದು ಮೂರು ವಾರ ಆಯ್ತು, ಪಾತ್ರ ಇನ್ನೂ ಮನೆಯಲ್ಲೇ ಇದೆ. ನಿಮಗೂ ಹೀಗಾಗಿದೆಯಾ?

ಮೂರನೇ_ಬೆಲ್

ನಮಸ್ಕಾರ. ಇಲ್ಲಿ ಸುಮಾರು ದಿನದಿಂದ ಸುಮ್ನೆ ಓದುತ್ತಿದ್ದೆ, ಬರೆಯುತ್ತಿರುವುದು ಇದೇ ಮೊದಲು. ಬೆಂಗಳೂರಿನ ಒಂದು ಹವ್ಯಾಸಿ ತಂಡದಲ್ಲಿ ಒಂಬತ್ತು ವರ್ಷದಿಂದ ನಾಟಕ ಮಾಡುತ್ತಿದ್ದೇನೆ. ಹಗಲು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ಸಂಜೆ ಏಳರಿಂದ ತಾಲೀಮು.

ಈ ಸಲ ಸಿಕ್ಕಿದ್ದು ಗಂಡ ಸತ್ತ ಮೇಲೆ ಮನೆಮಂದಿಯನ್ನೆಲ್ಲ ಮಾತಿನಲ್ಲೇ ಚುಚ್ಚುವ ಹೆಂಗಸಿನ ಪಾತ್ರ. ಮೂರು ತಿಂಗಳಲ್ಲಿ 14 ಶೋ. ರವೀಂದ್ರ ಕಲಾಕ್ಷೇತ್ರದಲ್ಲಿ ಶುರುವಾಗಿ ಮೈಸೂರು, ಧಾರವಾಡ, ಶಿವಮೊಗ್ಗ ಸುತ್ತಿ ಸಾಗರದಲ್ಲಿ ಮುಗಿಯಿತು. ಜನ ಚೆನ್ನಾಗಿತ್ತು ಅಂದರು.

ತೊಂದರೆ ಶುರುವಾಗಿದ್ದು ತಾಲೀಮಿನಲ್ಲೇ ಅಂತ ಈಗ ಅನಿಸುತ್ತಿದೆ. ಅಳುವ ದೃಶ್ಯ ಎಷ್ಟು ಮಾಡಿದರೂ ಸುಳ್ಳಾಗಿ ಕಾಣುತ್ತಿತ್ತು. ನಿರ್ದೇಶಕರು ಒಂದು ದಿನ ಎಲ್ಲರನ್ನೂ ಸುತ್ತ ಕೂರಿಸಿ, ನಿನಗೆ ತುಂಬಾ ನೋವಾದ ದಿನ ಯಾವುದು ಹೇಳು ಅಂದರು. ಅಪ್ಪ ಐಸಿಯುನಲ್ಲಿದ್ದ ಕೊನೆಯ ರಾತ್ರಿ ಹೇಳಿದೆ. ಬೆಳಗಿನ ಜಾವ ನರ್ಸ್ ಒಬ್ಬರು ಅಪ್ಪನ ಚಪ್ಪಲಿಯನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ನನ್ನ ಕೈಗೆ ಕೊಟ್ಟಿದ್ದರು. ಅದನ್ನು ಹೇಳುವಾಗ ಅಳು ಬಂತು. "ಇದೇ, ಇದನ್ನೇ ಹಿಡ್ಕೋ" ಅಂದರು.

14 ಶೋಗೂ ಎಂಟ್ರಿಗೆ ಮೊದಲು ರಂಗದ ಪಕ್ಕದ ವಿಂಗಿನಲ್ಲಿ ನಿಂತು ಆ ಕವರ್ ನೆನೆಸಿಕೊಂಡೆ. ಒಂದು ದಿನವೂ ಕೈಕೊಡಲಿಲ್ಲ. ಆದರೆ ಏಳೆಂಟು ಶೋ ಆಗುವ ಹೊತ್ತಿಗೆ ಅಪ್ಪನ ಮುಖ ಬರುವುದೇ ನಿಂತು ಬರೀ ಕವರ್ ಬರುತ್ತಿತ್ತು. ಪ್ರಾಪರ್ಟಿ ಟ್ರಂಕಿನಲ್ಲಿ ಕೋಲು, ಕನ್ನಡಕ, ಲಾಟೀನು, ಅದರ ಜೊತೆ ಅಪ್ಪನ ಸಾವೂ ಒಂದು ಸಾಮಾನು ಅನ್ನುವ ಹಾಗೆ.

ಈಗ ಮೂರು ವಾರದಿಂದ ರಾತ್ರಿ ಎರಡಕ್ಕೆ ಎಚ್ಚರವಾಗುತ್ತೆ, ಮತ್ತೆ ನಿದ್ದೆ ಬರುವುದಿಲ್ಲ. ಆಫೀಸಿನಲ್ಲಿ ಒಂದೇ ಮೇಲ್ ನಾಲ್ಕು ಸಲ ಓದುತ್ತೇನೆ. ಮೊನ್ನೆ ಮಗಳು ಹಾಲು ಚೆಲ್ಲಿದಳು ಅಂತ ಬೈದೆ. ಆರು ವರ್ಷದ ಹುಡುಗಿ, ಅಳಲೂ ಇಲ್ಲ. "ಅಮ್ಮಾ, ನಾಟಕದ್ದು ಬೇಡ, ನಿಂದೇ ಧ್ವನಿಯಲ್ಲಿ ಬೈ" ಅಂದಳು. ಅವತ್ತಿನಿಂದ ನನಗೆ ಹೆದರಿಕೆ ಆಗಿದೆ.

ಇದು ಎಲ್ಲರಿಗೂ ಆಗುವುದಾ? ನೀವು ಪಾತ್ರದಿಂದ ಹೊರಗೆ ಬರುವುದು ಹೇಗೆ? ಡಾಕ್ಟರ್ ಹತ್ತಿರ ಹೋಗುವಷ್ಟು ದೊಡ್ಡದಾ ಇದು? ನಮ್ಮನೆಯವರು "ಹವ್ಯಾಸ ತಾನೇ, ಒಂದು ವರ್ಷ ಬಿಡು" ಅಂತಾರೆ. ಅದು ಬೇಡ.

---

ಲಾರಿ_ಹಿಂದೆ_ಕೂತವನು

ಮೇಡಂ, ಮೊದಲು ಒಂದು ಮಾತು. ನಿಮ್ಮ ನಿರ್ದೇಶಕರು ಮಾಡಿದ್ದು ತಪ್ಪು. ಕೆಟ್ಟ ಉದ್ದೇಶ ಇಲ್ಲದಿರಬಹುದು, ಆದರೂ ತಪ್ಪು. ಸ್ವಂತ ನೋವನ್ನು ಅಗೆದು ಅಳು ತೆಗೆಯುವುದು ರಷ್ಯಾದ ರಂಗಗುರು ಸ್ಟಾನಿಸ್ಲಾವ್‌ಸ್ಕಿ ಹೇಳಿಕೊಟ್ಟದ್ದು ಅಂತ ನಮ್ಮಲ್ಲಿ ಎಲ್ಲರೂ ಹೇಳ್ತಾರೆ. ಆ ಮನುಷ್ಯನೇ ಕೊನೆಗಾಲದಲ್ಲಿ ಭಾವಸ್ಮೃತಿಯ, ಅಂದರೆ ಹಳೆಯ ಭಾವನೆಯನ್ನು ನೆನೆದು ತರುವುದರ, ಮೇಲೆ ಅಷ್ಟು ಭಾರ ಹಾಕುವುದನ್ನು ಬಿಟ್ಟು ದೈಹಿಕ ಕ್ರಿಯೆಯ ಕಡೆಗೆ ಬಂದ. ಅಂದರೆ ದುಃಖ ಹುಡುಕಬೇಡ, ಆ ಹೆಂಗಸು ಆ ಹೊತ್ತಿನಲ್ಲಿ ಕೈಯಲ್ಲಿ ಏನು ಮಾಡುತ್ತಿದ್ದಾಳೆ ಅದನ್ನು ಸರಿಯಾಗಿ ಮಾಡು, ಭಾವ ಹಿಂದೆಯೇ ಬರುತ್ತೆ ಅಂತ. ನಮ್ಮ ಕಡೆಗೆ ಮೊದಲ ಅರ್ಧ ಮಾತ್ರ ಬಂದು ತಲುಪಿದೆ. ಎರಡು ದಿನದ ವರ್ಕ್‌ಶಾಪಿನಲ್ಲಿ ಎಲ್ಲರನ್ನೂ ಅಳಿಸಿ, ಚಪ್ಪಾಳೆ ತಟ್ಟಿಸಿ, ಸರ್ಟಿಫಿಕೇಟ್ ಕೊಟ್ಟು ಕಳಿಸುತ್ತಾರೆ.

ನಾನು ಒಂದು ರೆಪರ್ಟರಿಯಲ್ಲಿ, ಅಂದರೆ ಊರೂರು ಸುತ್ತಿ ನಾಟಕ ಆಡುವ ತಂಡದಲ್ಲಿ, ಎರಡು ವರ್ಷ ತಿರುಗಿದವನು. 1985ರಲ್ಲಿ ಹೆಗ್ಗೋಡಿನ ನೀನಾಸಂ ನಾಟಕ ಸಂಸ್ಥೆ ಶುರುಮಾಡಿದ ತಿರುಗಾಟದಂಥದ್ದು. ಇವತ್ತು ರಾಜ, ನಾಳೆ ಸೇವಕ, ಆಮೇಲೆ ಕೋರಸ್. ಶೋ ಮುಗಿದ ಕೂಡಲೇ ಸೆಟ್ ಬಿಚ್ಚಬೇಕು, ಲೈಟ್ ಇಳಿಸಬೇಕು, ಲಾರಿಗೆ ತುಂಬಬೇಕು. ರಾಜನ ಕಿರೀಟ ಇಟ್ಟ ಹತ್ತು ನಿಮಿಷಕ್ಕೆ ಪ್ಲಾಟ್‌ಫಾರಂ ಹೊರುತ್ತಿದ್ದೆ. ಆಗ ಬೈದುಕೊಳ್ಳುತ್ತಿದ್ದೆ, ಈಗ ಗೊತ್ತಾಗುತ್ತೆ, ಅದೇ ನಮ್ಮನ್ನು ಉಳಿಸಿದ್ದು. ನಿಮ್ಮ ಹವ್ಯಾಸಿ ತಂಡಗಳಲ್ಲಿ ಒಂಬತ್ತೂವರೆಗೆ ಪರದೆ, ಹತ್ತಕ್ಕೆ ಹಾಲ್ ಖಾಲಿ ಮಾಡಿ ಅಂತ ವಾಚ್‌ಮನ್ ಗಲಾಟೆ, ಹನ್ನೊಂದಕ್ಕೆ ಕಣ್ಣಲ್ಲಿ ಕಾಡಿಗೆ ಇಟ್ಟುಕೊಂಡೇ ಅಡುಗೆಮನೆಯಲ್ಲಿ ನಿಂತು ತಣ್ಣಗಿನ ಅನ್ನ. ಪಾತ್ರ ಇಳಿಯುವುದಕ್ಕೆ ಜಾಗ ಎಲ್ಲಿದೆ?

ನಾಟ್ಯಶಾಸ್ತ್ರಕ್ಕೆ ವ್ಯಾಖ್ಯಾನ ಬರೆದ ಅಭಿನವಗುಪ್ತ ಒಂದು ಕಡೆ, ನಟ ಒಂದು ಪಾತ್ರೆ ಇದ್ದ ಹಾಗೆ, ಮದ್ಯದ ರುಚಿ ಪಾತ್ರೆಗೆ ತಿಳಿಯುವುದಿಲ್ಲ ಅಂತಾನೆ. ರಸ ನೋಡುವವನದ್ದು. ಮಾತು ಚೆನ್ನಾಗಿದೆ, ಆದರೆ ಹುಣಸೆಹುಳಿ ಹಾಕಿಟ್ಟ ಹಿತ್ತಾಳೆ ಪಾತ್ರೆ ತೊಳೆಯದೆ ಬಿಟ್ಟರೆ ಕಿಲುಬು ಹಿಡಿಯುತ್ತೆ ಅಂತ ನಮ್ಮಜ್ಜಿಗೂ ಗೊತ್ತಿತ್ತು.

---

ಚೌಕಿಮನೆ

ಮೇಲಿನವರು ಹೇಳಿದ್ದಕ್ಕೆ ನನ್ನದೂ ಒಂದು. ನಾನು ತೆಂಕುತಿಟ್ಟಿನ ಒಂದು ಯಕ್ಷಗಾನ ಮೇಳದಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ, ಬಣ್ಣದ ವೇಷ, ಅಂದರೆ ರಕ್ಕಸನ ಪಾತ್ರ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖಕ್ಕೆ ಚಿಟ್ಟಿ, ಅಂದರೆ ಉಬ್ಬಿದ ಬಿಳಿ ಚುಕ್ಕೆ, ಇಡುವುದಕ್ಕೇ ಗಂಟೆಗಟ್ಟಲೆ ಹೋಗುತ್ತೆ. ಒಂದೊಂದೇ ಚುಕ್ಕೆ ಇಡುತ್ತ ಕನ್ನಡಿಯಲ್ಲಿ ನನ್ನ ಮುಖ ಹೋಗಿ ರಕ್ಕಸ ಬರುತ್ತಾನೆ. ಇದು ಎಲ್ಲರಿಗೂ ಗೊತ್ತು, ಫೋಟೋ ತೆಗೆಯುವವರು ಇದನ್ನೇ ತೆಗೆಯುತ್ತಾರೆ. ಬಣ್ಣ ತೆಗೆಯುವುದನ್ನು ಯಾರೂ ನೋಡುವುದಿಲ್ಲ ಮಾರಾಯ್ರೇ.

ಆಟ ಮುಗಿದು ಮಂಗಳ ಹಾಡಿದ ಮೇಲೆ ಚೌಕಿಗೆ, ಅಂದರೆ ನಮ್ಮ ಬಣ್ಣದ ಕೋಣೆಗೆ, ಬಂದು ಗೆಜ್ಜೆ ಬಿಚ್ಚುತ್ತೇವೆ. ಗೆಜ್ಜೆ ಮುಟ್ಟಿ ನಮಸ್ಕಾರ. ಕಿರೀಟ ತನ್ನ ಜಾಗಕ್ಕೆ. ಆಮೇಲೆ ತೆಂಗಿನೆಣ್ಣೆ ಹಚ್ಚಿ ಚಿಟ್ಟಿ ನೆನೆಸಿ ಮೆಲ್ಲಗೆ ಬಿಡಿಸುವುದು. ಅವಸರ ಮಾಡಿದರೆ ಚರ್ಮ ಕಿತ್ತು ಬರುತ್ತೆ. ಅರ್ಧ ಗಂಟೆ ಯಾರೂ ಮಾತಾಡುವುದಿಲ್ಲ. ಮಾತಾಡಬಾರದು ಅಂತ ನಿಯಮ ಏನಿಲ್ಲ, ಹಾಗೇ ಬಂದಿದೆ. ನಿಮ್ಮ ಗ್ರೀನ್‌ರೂಮಿನಲ್ಲಿ ಪರದೆ ಬಿದ್ದ ಕೂಡಲೇ ನೆಂಟರು ಸೆಲ್ಫಿಗೆ ನುಗ್ಗುವುದನ್ನು ನೋಡಿದ್ದೇನೆ, ಅದು ನಿಲ್ಲಬೇಕು.

ಹಾಗಂತ ನಮ್ಮ ಕಡೆ ಎಲ್ಲ ಸುಖ ಅಂತಲ್ಲ. ಆರು ತಿಂಗಳು ರಾತ್ರಿ ಹಗಲಾಗಿ ಬದುಕಿ, ಮೇ ಕೊನೆಯ ಪತ್ತನಾಜೆಗೆ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲ ಇಡೀ ಮನೆಯಲ್ಲಿ ಕೂರುವಾಗ ಹಿಡಿಯುವ ಮಂಕು ಇದೆಯಲ್ಲ, ಅದಕ್ಕೆ ನಮ್ಮಲ್ಲಿ ಹೆಸರೇ ಇಲ್ಲ. ಕೆಲವರು ಕುಡಿತಕ್ಕೆ ಬೀಳುತ್ತಾರೆ. ನಮ್ಮ ಜೊತೆಗಿದ್ದ ಒಬ್ಬರು ಒಂದು ಬೆಳಿಗ್ಗೆ ಬಣ್ಣ ತೆಗೆಯಲು ಒಪ್ಪಲೇ ಇಲ್ಲ. ಎಂಟು ಗಂಟೆಯವರೆಗೆ ಕನ್ನಡಿ ಎದುರು ಕೂತಿದ್ದರು. ಕೊನೆಗೆ ಅಡುಗೆಯವರು ಬಂದು ಮಾತಾಡದೆ ಕೈಗೆ ಎಣ್ಣೆ ಹಾಕಿಕೊಂಡು ಅವರ ಮುಖ ತಿಕ್ಕತೊಡಗಿದರು. ಆಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮುಂದಿನ ವರ್ಷದ ತಿರುಗಾಟಕ್ಕೆ ಬಂದರು, ಈಗಲೂ ಇದ್ದಾರೆ. ಆ ಸಮಯದಲ್ಲಿ "ತಲೆ ಕೆಟ್ಟಿದೆ" ಅಂತ ಆಡಿಕೊಂಡವರಲ್ಲಿ ನಾನೂ ಒಬ್ಬ.

---

ಕಾಲ್‌ಶೀಟ್_ಖಾಲಿ

ಎಲ್ಲರ ಮಾತೂ ಚೆನ್ನಾಗಿದೆ. ಆದರೆ ಸ್ವಲ್ಪ ಕಹಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಾನು ಸೀರಿಯಲ್ ಮಾಡುವವಳು. ಪಾತ್ರ ಮೈಮೇಲೆ ಬರುವುದಕ್ಕೆ ನಮಗೆ ಪುರುಸೊತ್ತೇ ಇಲ್ಲ. ಬೆಳಿಗ್ಗೆ ಏಳಕ್ಕೆ ಮೇಕಪ್, ರಾತ್ರಿ ಒಂಬತ್ತೂವರೆಗೆ ಪ್ಯಾಕಪ್. ಒಂದೇ ಅಳುವನ್ನು ಎಲ್ಲರೂ ಕಾಣುವ ಮಾಸ್ಟರ್ ಶಾಟ್‌ಗೆ ಒಂದು ಸಲ, ಕ್ಲೋಸಪ್ಪಿಗೆ ಒಂದು ಸಲ, ಎದುರಿನವರ ಹೆಗಲ ಮೇಲಿಂದ ತೆಗೆಯುವ ಸಜೆಷನ್‌ಗೆ ಮತ್ತೊಂದು ಸಲ ಅಳಬೇಕು. ಗ್ಲಿಸರಿನ್ ಹಾಕಿ ಹಾಕಿ ಕಣ್ಣು ಸಂಜೆಗೆ ಮೆಣಸಿನಕಾಯಿ.

ನನ್ನನ್ನು ಮುರಿದಿದ್ದು ಪಾತ್ರ ಅಲ್ಲ. ಗುರುವಾರ ಟಿಆರ್‌ಪಿ ಬರುತ್ತೆ, ಶುಕ್ರವಾರ ಸೆಟ್ಟಿನಲ್ಲಿ ಜನ ನಿಮ್ಮ ಮುಖ ನೋಡುವ ರೀತಿ ಬದಲಾಗಿರುತ್ತೆ. ಒಂದು ಸೀರಿಯಲ್‌ನಲ್ಲಿ ನನ್ನ ಟ್ರ್ಯಾಕ್ ಮುಗೀತು ಅಂತ ನನಗೆ ಹೇಳಿದ್ದು ಮೇಕಪ್ ಹುಡುಗ. "ಅಕ್ಕಾ, ನಾಳೆಯಿಂದ ನಿಮ್ಮ ಕಾಲ್ ಇಲ್ಲ ಅಂದ್ರು, ಗೊತ್ತಿಲ್ವಾ?" ಅಂದ. ಬರಬೇಕಿದ್ದ ದುಡ್ಡು ಐದು ತಿಂಗಳಾದ ಮೇಲೆ ಬಂತು, ಅದೂ ಪೂರ್ತಿ ಅಲ್ಲ. ಅಷ್ಟರಲ್ಲಿ ಮನೆ ಬಾಡಿಗೆಗೆ ಅಮ್ಮನ ಬಳೆ ಅಡ ಇಟ್ಟಾಗಿತ್ತು. ವಿಲನ್ ಪಾತ್ರ ಅಂತ ನನ್ನ ಪ್ರೊಫೈಲಿಗೆ ಬಂದು ಬೈದವರು ಎಷ್ಟೋ ಜನ, ಒಬ್ಬಳಂತೂ ಅಮ್ಮನಿಗೇ ಮೆಸೇಜ್ ಹಾಕಿದ್ದಳು.

2015ರಲ್ಲಿ ದೀಪಿಕಾ ಪಡುಕೋಣೆ ಟಿವಿಯಲ್ಲಿ ಕೂತು ತನಗೆ ಖಿನ್ನತೆ ಇತ್ತು ಅಂತ ಹೇಳಿದಾಗ ಧೈರ್ಯ ಬಂದಿದ್ದು ನಿಜ. ಆದರೆ ನಾನು ಅದನ್ನೇ ಒಬ್ಬ ಮ್ಯಾನೇಜರ್ ಹತ್ತಿರ ಹೇಳಿದರೆ ಮುಂದಿನ ಕಾಲ್ ಬರುವುದಿಲ್ಲ. ಅದಕ್ಕೇ ಮೈಗ್ರೇನ್ ಅಂತ ಹೇಳಿ ರಜೆ ತಗೊಂಡಿದ್ದೇನೆ. ನಿದ್ದೆ, ಊಟ, ದುಡ್ಡು, ಮೊದಲು ಇವನ್ನು ನೋಡಿ. ಪಾತ್ರದ ವಿಚಾರ ಆಮೇಲೆ.

---

ಮೂರನೇ_ಬೆಲ್

@ಕಾಲ್‌ಶೀಟ್_ಖಾಲಿ, ತಿಂಗಳ ಸಂಬಳ ಬರುತ್ತಿದ್ದರೂ ಅಳುತ್ತಿದ್ದೇನೆ ಅಂತನಾ?

ಕಾಲ್‌ಶೀಟ್_ಖಾಲಿ

ಅಯ್ಯೋ ಇಲ್ಲ ಅಕ್ಕಾ. ಓದಿದರೆ ಹಾಗೇ ಕೇಳಿಸುತ್ತೆ, ಸಾರಿ. ನಿಮ್ಮ ಚಪ್ಪಲಿ ಕವರ್ ಓದಿ ನನಗೂ ನಿದ್ದೆ ಬರಲಿಲ್ಲ, ಆ ಸಿಟ್ಟು ಬೇರೆ ಕಡೆ ಹೋಯಿತು.

---

ಏಳನೇ_ವಾರ್ಡ್

ನಾನು ಮನೋವೈದ್ಯಕೀಯ ವಿಭಾಗದಲ್ಲಿ ಸಮಾಜ ಕಾರ್ಯಕರ್ತೆ, ಹದಿನಾಲ್ಕು ವರ್ಷದಿಂದ. ಆಗಾಗ ಬೆಂಗಳೂರಿನ ರಂಗಶಂಕರದಲ್ಲಿ ನಾಟಕ ನೋಡಲು ಕೊನೆಯ ಸಾಲಿನಲ್ಲಿ ಕೂರುವವಳು ಕೂಡ. ಇಲ್ಲಿ ಓದಿಕೊಂಡು ಕಾಯಿಲೆ ಇಂಥದ್ದು ಅಂತ ಹೇಳಲು ಆಗುವುದಿಲ್ಲ, ಹೇಳಲೂಬಾರದು. ಆದರೂ ಕೆಲವು ವಿಷಯ.

ಒಂದು ದೊಡ್ಡ ಪ್ರಯೋಗ ಮುಗಿದ ಮೇಲೆ ಕೆಲವು ದಿನ ಖಾಲಿ ಖಾಲಿ ಅನಿಸುವುದು ತುಂಬಾ ಜನಕ್ಕೆ ಆಗುತ್ತೆ. ಮದುವೆ ಮುಗಿದ ಮನೆಯಲ್ಲೂ ಆಗುತ್ತೆ. ನಾವು ನೋಡುವ ಗೆರೆ ಎರಡು ವಾರ. ದಿನದ ಹೆಚ್ಚು ಹೊತ್ತು ಮನಸ್ಸು ಕುಗ್ಗಿರುವುದು ಅಥವಾ ಯಾವುದರಲ್ಲೂ ಆಸೆ ಇಲ್ಲದಿರುವುದು, ಜೊತೆಗೆ ನಿದ್ದೆ, ಹಸಿವು, ಗಮನ ಕೆಡುವುದು, ನಾನು ಕೆಟ್ಟವಳು ಅನಿಸುವುದು, ಇವು ಎರಡು ವಾರ ದಾಟಿದರೆ ತೋರಿಸಲೇಬೇಕು. ನಿಮ್ಮದು ಮೂರು ವಾರ. ದೊಡ್ಡದಾ ಚಿಕ್ಕದಾ ಅಂತ ತೂಗಬೇಡಿ, ಹೋಗಿ. ಸಾಯಬೇಕು ಅನ್ನುವ ಯೋಚನೆ ಬಂದರಂತೂ ಅದೇ ದಿನ, ಯಾರನ್ನಾದರೂ ಜೊತೆಗೆ ಕರೆದುಕೊಂಡು.

ರಾತ್ರಿ ಎರಡಕ್ಕೆ ಎದ್ದಾಗ 14416ಕ್ಕೆ ಫೋನ್ ಮಾಡಬಹುದು. ಟೆಲಿ ಮನಸ್ ಅಂತ, 2022ರಲ್ಲಿ ಶುರುವಾಗಿದ್ದು, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಚೌಕಿಮನೆಯವರೇ, ಜಿಲ್ಲಾ ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯ ವಿಭಾಗ ಇದೆ. ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಮನೋಚೈತನ್ಯ ಅನ್ನುವ ಕಾರ್ಯಕ್ರಮವೂ ಇದೆ. ಊರೂರು ತಿರುಗುವವರಿಗೆ ಅನುಕೂಲ, ಹೋಗುವ ಮೊದಲು ಕೇಳಿಕೊಳ್ಳಿ.

ಕಲಾವಿದರು ಮಾತ್ರೆ ಅಂದರೆ ಹೆದರುತ್ತಾರೆ. ಭಾವನೆಯೇ ಸತ್ತುಹೋದರೆ ಅಭಿನಯ ಹೇಗೆ ಮಾಡುವುದು ಅಂತ. ಸುಳ್ಳು ಹೇಳುವುದಿಲ್ಲ, ಕೆಲವರಿಗೆ ಸ್ವಲ್ಪ ಮರಗಟ್ಟಿದ ಹಾಗೆ ಆಗುತ್ತೆ. ಡಾಕ್ಟರಿಗೆ ಹೇಳಿದರೆ ಡೋಸ್ ಅಥವಾ ಮಾತ್ರೆ ಬದಲಿಸುತ್ತಾರೆ. ತಾವಾಗಿಯೇ ನಿಲ್ಲಿಸುವುದು ಮಾತ್ರ ಬೇಡ. ಎಲ್ಲರಿಗೂ ಮಾತ್ರೆ ಬೇಕಾಗುವುದೂ ಇಲ್ಲ. ಇನ್ನೊಂದು, ಸ್ಟೇಜ್ ಭಯಕ್ಕೆ ಗೆಳೆಯರು ಕೊಟ್ಟರು ಅಂತ ಎದೆಬಡಿತ ತಗ್ಗಿಸುವ ಪ್ರೊಪ್ರಾನೊಲಾಲ್ ಮಾತ್ರೆ ನುಂಗುವವರನ್ನು ನೋಡಿದ್ದೇನೆ. ಆಸ್ತಮಾ ಇದ್ದವರಿಗೆ ಅದು ಅಪಾಯ. ಶೋ ಆದ ಮೇಲೆ ನಿದ್ದೆಗೆ ಅಂತ ಎರಡು ಪೆಗ್ ಕೂಡ ಹಾಗೇ, ಬೇಗ ಮಲಗಿಸುತ್ತೆ, ನಡುರಾತ್ರಿ ಎಬ್ಬಿಸಿ ಕೂರಿಸುತ್ತೆ.

ಮಗಳ ಬಗ್ಗೆ. ಅವಳು ಸರಿಯಾಗಿಯೇ ಗುರುತಿಸಿದ್ದಾಳೆ. ಅವಳಿಗೆ "ಹೌದು, ಅದು ನಾಟಕದ ಧ್ವನಿ, ತಪ್ಪಾಯ್ತು" ಅಂತ ಹೇಳಿಬಿಡಿ. ಮಕ್ಕಳಿಗೆ ಅಷ್ಟು ಸಾಕಾಗುತ್ತೆ.

---

ಮೂರನೇ_ಬೆಲ್

ಹತ್ತು ದಿನ ಆಯ್ತು, ಎಲ್ಲರಿಗೂ ಉತ್ತರ ಬರೆಯಲು ಆಗಿಲ್ಲ. ಮೊನ್ನೆ ರಾತ್ರಿ ಎರಡೂಕಾಲಿಗೆ 14416ಕ್ಕೆ ಮಾಡಿದೆ. ಮಗಳು ಏಳಬಾರದು ಅಂತ ಬಾಲ್ಕನಿಯಲ್ಲಿ ಕೂತು ಮಾತಾಡಿದೆ. ಫೋನ್ ಎತ್ತಿದ ಹುಡುಗಿ ನಾಟಕ ನೋಡಿದವಳಲ್ಲ ಅನಿಸುತ್ತೆ, "ದಿನಾ ಅದನ್ನೇ ಯಾಕೆ ನೆನಪಿಸಿಕೊಳ್ತಿದ್ರಿ ಮೇಡಂ?" ಅಂತ ನಿಜವಾಗಿಯೂ ಅರ್ಥವಾಗದೆ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಿರ್ದೇಶಕರಿಗೆ ಹೇಳಿದೆ. ಮೊದಲು ಸ್ವಲ್ಪ ಮುನಿಸಿಕೊಂಡರು, ಆಮೇಲೆ ಅವರೇ ಫೋನ್ ಮಾಡಿ, ಆ ದೃಶ್ಯದಲ್ಲಿ ಅವಳು ಅಕ್ಕಿ ಆರಿಸುತ್ತಿರಲಿ, ಕಲ್ಲು ಸಿಕ್ಕಿದಾಗ ಮಾತ್ರ ನಿಲ್ಲಿಸಲಿ, ನೋಡೋಣ ಅಂದರು. ಇನ್ನೂ ಮಾಡಿ ನೋಡಿಲ್ಲ.

ಭಾನುವಾರ ಅಮ್ಮನ ಮನೆಗೆ ಹೋಗಿದ್ದೆ. ಆ ಕವರ್ ಅಟ್ಟದ ಮೇಲೆ ಹಾಗೇ ಇತ್ತು. ಬಿಚ್ಚಿದೆ. ಬಲಗಾಲಿನ ಚಪ್ಪಲಿ ಚೆನ್ನಾಗಿದೆ, ಎಡಗಾಲಿನದ್ದು ಹಿಮ್ಮಡಿ ಹತ್ತಿರ ಪೂರ್ತಿ ಸವೆದಿದೆ. ಅಪ್ಪ ಎಡಕ್ಕೆ ವಾಲಿಕೊಂಡು ನಡೆಯುತ್ತಿದ್ದರು. ನನಗೆ ಅದು ಮರೆತೇ ಹೋಗಿತ್ತು.

ಶುಕ್ರವಾರ ಹನ್ನೊಂದಕ್ಕೆ ಡಾಕ್ಟರ್ ಅಪಾಯಿಂಟ್‌ಮೆಂಟ್ ಇದೆ. ಆಫೀಸಿಗೆ ಮೈಗ್ರೇನ್ ಅಂತಲೇ ಹೇಳಿದ್ದೇನೆ.