ಸೂಪರ್‌ಹೀರೋ ಹೆಸರಿಗೆ ದುಡ್ಡು ಬರುತ್ತಾ, ಸಿನಿಮಾ ಚೆನ್ನಾಗಿದ್ದರೆ ಬರುತ್ತಾ?

ಕೊನೇಬೆಂಚು

ನಿನ್ನೆ ಸಂಜೆ ಟೀ ಅಂಗಡಿ ಮುಂದೆ ನನಗೂ ನನ್ನ ರೂಮ್‌ಮೇಟ್‌ಗೂ ಒಂದು ಗಂಟೆ ಜಗಳ ಆಯಿತು. ಅವನು ಹೇಳೋದು ಇಷ್ಟೇ: ಬ್ಯಾಟ್‌ಮ್ಯಾನ್, ಸ್ಪೈಡರ್‌ಮ್ಯಾನ್, ಸೂಪರ್‌ಮ್ಯಾನ್ ಹೆಸರು ಪೋಸ್ಟರ್ ಮೇಲಿದ್ದರೆ ಸಾಕು, ಒಳಗೆ ಏನು ತೋರಿಸಿದರೂ ಜನ ಬರುತ್ತಾರೆ. ನಾನು ಒಪ್ಪಲಿಲ್ಲ. ನಮ್ಮಕ್ಕನ ಮಗನಿಗೆ ನಾಲ್ಕು ವರ್ಷ. ಬ್ಯಾಗು, ನೀರಿನ ಬಾಟಲಿ, ಚಪ್ಪಲಿ, ಎಲ್ಲದರ ಮೇಲೂ ಸ್ಪೈಡರ್‌ಮ್ಯಾನ್. ಹೋದ ಜಾತ್ರೆಯಲ್ಲಿ ಮುಖವಾಡ ಕೊಡಿಸಲಿಲ್ಲ ಅಂತ ತೇರಿನ ಮುಂದೇನೇ ಮಣ್ಣಲ್ಲಿ ಬಿದ್ದು ಹೊರಳಾಡಿದ. ಆದರೆ ಇವತ್ತಿನವರೆಗೂ ಅವನು ಸ್ಪೈಡರ್‌ಮ್ಯಾನ್‌ನ ಒಂದೇ ಒಂದು ಸಿನಿಮಾ ನೋಡಿಲ್ಲ! ಹೀರೋ ಇಷ್ಟ ಆಗೋದು ಬೇರೆ, ಟಿಕೆಟ್ ತಗೊಳ್ಳೋದು ಬೇರೆ ಅಂತ ನನಗೆ ಅನ್ನಿಸಿದ್ದು ಅಲ್ಲೇ.

ಆದರೆ ಲೆಕ್ಕ ಹಾಕಲು ಕೂತರೆ ತಾಳೆ ಆಗುತ್ತಿಲ್ಲ. 2014ರಲ್ಲಿ ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ ಬಂತು. ಒಂದು ಮಾತಾಡೋ ರಕೂನ್, ಮೂರೇ ಪದ ಮಾತಾಡೋ ಒಂದು ಮರ. ಅವರ ಹೆಸರನ್ನೇ ಯಾರೂ ಕೇಳಿರಲಿಲ್ಲ, ಪ್ರಪಂಚದಾದ್ಯಂತ ಸುಮಾರು 77 ಕೋಟಿ ಡಾಲರ್ ಬಂತು. ಮೂರು ವರ್ಷ ಬಿಟ್ಟು ಜಸ್ಟಿಸ್ ಲೀಗ್. ಬ್ಯಾಟ್‌ಮ್ಯಾನ್, ಸೂಪರ್‌ಮ್ಯಾನ್, ವಂಡರ್ ವುಮನ್ ಎಲ್ಲರೂ ಒಂದೇ ಸಿನಿಮಾದಲ್ಲಿ, ಬಂದಿದ್ದು ಸುಮಾರು 66 ಕೋಟಿ. ಇಲ್ಲಿ ನಾನು ಗೆದ್ದೆ ಅಂದುಕೊಂಡೆ. ತಕ್ಷಣ ಅವನು ವೆನಮ್ ತೆಗೆದ. ವಿಮರ್ಶಕರೆಲ್ಲ ಉಗಿದ ಸಿನಿಮಾ, 85 ಕೋಟಿ ಡಾಲರ್. 2016ರ ಸುಯಿಸೈಡ್ ಸ್ಕ್ವಾಡ್‌ಗೂ ಅದೇ ಉಗಿತ, ಅದಕ್ಕೆ 74 ಕೋಟಿ. 2021ರಲ್ಲಿ ಅದೇ ಹೆಸರಿಗೆ ಒಂದು 'ದಿ' ಸೇರಿಸಿ ಮತ್ತೆ ಮಾಡಿದರು, ಎಲ್ಲರೂ ಹೊಗಳಿದರು, ಬಂದಿದ್ದು 17 ಕೋಟಿ ಹತ್ತಿರ.

ಹಾಗಾದರೆ ಯಾರು ಸರಿ? ಟೀ ಬಿಲ್ಲಿನ ಪಂದ್ಯ ಇದೆ, ಬೇಗ ಹೇಳಿ.

ಶುಕ್ರವಾರದಶೋ

ಇಬ್ಬರೂ ಸರಿ ಗುರು, ಆದರೆ ಬೇರೆ ಬೇರೆ ವಾರಕ್ಕೆ. ಹೀರೋ ಹೆಸರಿಗೆ ಮೊದಲ ಮೂರು ದಿನ, ಸಿನಿಮಾಗೆ ಎರಡನೇ ಶುಕ್ರವಾರ.

ನಾನು ಕೆಲವು ವರ್ಷ ಬೆಂಗಳೂರಿನ ಒಂದು ಮಲ್ಟಿಪ್ಲೆಕ್ಸ್‌ನಲ್ಲಿ ಕೆಲಸ ಮಾಡಿದ್ದೇನೆ, ಕೌಂಟರ್‌ನಲ್ಲೂ ಕೂತಿದ್ದೇನೆ, ಟಿಕೆಟ್ ಹರಿಯುವ ಬಾಗಿಲಲ್ಲೂ ನಿಂತಿದ್ದೇನೆ. 2016ರ ಮಾರ್ಚ್‌ನಲ್ಲಿ ಬ್ಯಾಟ್‌ಮ್ಯಾನ್ ವರ್ಸಸ್ ಸೂಪರ್‌ಮ್ಯಾನ್ ಬಂದಾಗ ಶುಕ್ರವಾರ ಬೆಳಗ್ಗೆ ಒಂದಿಷ್ಟು ಹುಡುಗರು ಕಪ್ಪು ಬೆಡ್‌ಶೀಟ್ ಕತ್ತಿಗೆ ಕಟ್ಟಿಕೊಂಡು ಬಂದಿದ್ದರು. ನಿಜವಾಗಿ ಬೆಡ್‌ಶೀಟ್, ಅಂಚಲ್ಲಿ ಹೂವಿನ ಡಿಸೈನ್ ಬೇರೆ. ಒಳಗೆ ಹೋಗುವಾಗ ಆಕಾಶ ಭೂಮಿ ಒಂದು ಮಾಡಿದ ಹುಡುಗರು ಹೊರಗೆ ಬರುವಾಗ ಆ ಬೆಡ್‌ಶೀಟ್ ಮಡಿಸಿ ಬ್ಯಾಗಿಗೆ ಹಾಕಿಕೊಳ್ಳುತ್ತಾ ಬಂದರು. ಒಬ್ಬನೂ ಜೋರಾಗಿ ಮಾತಾಡುತ್ತಿರಲಿಲ್ಲ. ಬಾಗಿಲಲ್ಲಿ ನಿಂತವನಿಗೆ ಅಷ್ಟು ಸಾಕು, ಯಾವ ರೇಟಿಂಗೂ ಬೇಡ. ಸಿನಿಮಾ ಹಿಡಿಸಿದ್ದರೆ ಜನ ದಾರಿಗೆ ಅಡ್ಡ ನಿಂತು ಮಾತಾಡುತ್ತಾರೆ, ಇಲ್ಲದಿದ್ದರೆ ಪಾರ್ಕಿಂಗ್ ಚೀಟಿ ಹುಡುಕುತ್ತಾರೆ. ಸೋಮವಾರ ಮಧ್ಯಾಹ್ನದ ಶೋಗೆ ಒಂಬತ್ತು ಜನ. ಅದರಲ್ಲಿ ಒಬ್ಬ ಎಸಿಗೆ ಬಂದು ಮಲಗಿದವನು.

ಅಮೆರಿಕದಲ್ಲೂ ಅದೇ ಕಥೆ. ಮೊದಲ ಮೂರು ದಿನ 16.6 ಕೋಟಿ ಡಾಲರ್, ಆ ಕಾಲಕ್ಕೆ ಭಾರಿ ಓಪನಿಂಗ್. ಎರಡನೇ ವಾರಾಂತ್ಯಕ್ಕೆ 5.1 ಕೋಟಿ. ನೂರಕ್ಕೆ 69 ಇಳಿಕೆ. ಅಲ್ಲಿ ಒಟ್ಟು ಬಂದಿದ್ದು 33 ಕೋಟಿ, ಅಂದರೆ ಓಪನಿಂಗ್‌ನ ಎರಡರಷ್ಟೂ ಇಲ್ಲ. ಮರುವರ್ಷ ವಂಡರ್ ವುಮನ್ 10.3 ಕೋಟಿಯಿಂದ ಶುರುವಾಯಿತು. ಹೆಸರಿನ ಬಲ ಕಡಿಮೆ, ಓಪನಿಂಗ್ ಕಡಿಮೆ. ಆದರೆ ಅಮೆರಿಕದಲ್ಲೇ 41 ಕೋಟಿಗೆ ಬಂದು ನಿಂತಿತು, ಓಪನಿಂಗ್‌ನ ನಾಲ್ಕರಷ್ಟು. ನೀನು ಒಟ್ಟು ಕಲೆಕ್ಷನ್ ಮಾತ್ರ ನೋಡುತ್ತಿದ್ದೀಯ, ಅದಕ್ಕೇ ತಾಳೆ ಆಗುತ್ತಿಲ್ಲ. ಒಟ್ಟನ್ನು ಓಪನಿಂಗ್‌ನಿಂದ ಭಾಗಿಸು. ಎರಡಕ್ಕಿಂತ ಕಡಿಮೆ ಬಂದರೆ ಹೆಸರು ಮಾತ್ರ ದುಡಿದಿದೆ, ಮೂರು ದಾಟಿದರೆ ಸಿನಿಮಾ ದುಡಿದಿದೆ.

ಇನ್ನೊಂದು ಒಳಗಿನ ವಿಷಯ. ಮೊದಲ ವಾರದ ದುಡ್ಡಲ್ಲಿ ಸಿನಿಮಾದವರ ಪಾಲು ಜಾಸ್ತಿ, ವಾರ ಕಳೆದಂತೆ ಥಿಯೇಟರ್ ಪಾಲು ಜಾಸ್ತಿ. ನಮ್ಮಲ್ಲಿ ಹಿಂದಿ ಸಿನಿಮಾಗಳಿಗೆ, ನಿರ್ಮಾಪಕರಿಗೂ ಮಲ್ಟಿಪ್ಲೆಕ್ಸ್‌ನವರಿಗೂ ಜಗಳ ಆಗಿ ನಡೆದ 2009ರ ಮುಷ್ಕರ ಮುಗಿದಾಗ ಆದ ಒಪ್ಪಂದ ನೋಡಿ: ಡಿಸ್ಟ್ರಿಬ್ಯೂಟರ್‌ಗೆ ಮೊದಲ ವಾರ ನೂರಕ್ಕೆ 50, ಎರಡನೇ ವಾರ 42.5, ಮೂರನೇ ವಾರ 37.5, ಆಮೇಲೆ 30. ಹೀಗಿರುವಾಗ ದೊಡ್ಡ ಹೆಸರು ಹಾಕಿ ಮೊದಲ ವಾರದಲ್ಲೇ ಬಾಚಿಕೊಂಡು ಹೋಗೋಣ ಅಂತ ಅನ್ನಿಸದೇ ಇರುತ್ತಾ?

ಕಾಮಿಕ್ಸ್‌ಕಪಾಟು

ಮೇಲಿನವರು ಹೇಳಿದ್ದು ಸರಿ, ಆದರೆ ಅರ್ಧ. ಕೆಟ್ಟ ಸಿನಿಮಾದ ಬಿಲ್ಲನ್ನು ಆ ಸಿನಿಮಾ ಕಟ್ಟೋದಿಲ್ಲ, ಮುಂದಿನದು ಕಟ್ಟುತ್ತೆ.

ಜಸ್ಟಿಸ್ ಲೀಗ್ ಓಪನಿಂಗ್ 9.4 ಕೋಟಿ ಡಾಲರ್. ಮೂರು ಜನ ಅತಿ ದೊಡ್ಡ ಹೀರೋಗಳು ಸೇರಿ ಹತ್ತು ಕೋಟಿ ದಾಟಲಿಲ್ಲ! ಅದಕ್ಕೂ ಮುಂಚೆ 2013ರಲ್ಲಿ ಸೂಪರ್‌ಮ್ಯಾನ್ ಒಬ್ಬನೇ ಮ್ಯಾನ್ ಆಫ್ ಸ್ಟೀಲ್‌ಗೆ 11 ಕೋಟಿಗೂ ಜಾಸ್ತಿ ತಂದಿದ್ದ. ಸಿನಿಮಾ ಶುರುವಾಗೋ ಮುಂಚೇನೇ ಯಾರಿಗೆ ಗೊತ್ತಿತ್ತು ಅದು ಹೇಗಿದೆ ಅಂತ? ಜನ ಹಿಂದಿನ ಸಲ ಸುಟ್ಟುಕೊಂಡಿದ್ದರು, ಈ ಸಲ ಊದಿಕೊಂಡು ಕುಡಿದರು, ಅಷ್ಟೇ.

ಹಿಂದಕ್ಕೆ ಹೋದರೆ ಇನ್ನೂ ಚೆನ್ನಾಗಿ ಕಾಣುತ್ತೆ. 1997ರ ಬ್ಯಾಟ್‌ಮ್ಯಾನ್ ಅಂಡ್ ರಾಬಿನ್ ಎಷ್ಟು ಕೆಟ್ಟದಾಗಿತ್ತು ಅಂದರೆ ಅದರ ನಿರ್ದೇಶಕರೇ ಆಮೇಲೆ ಅಭಿಮಾನಿಗಳ ಕ್ಷಮೆ ಕೇಳಿದರು. ಎಂಟು ವರ್ಷ ಬ್ಯಾಟ್‌ಮ್ಯಾನ್ ಸಿನಿಮಾವೇ ಬರಲಿಲ್ಲ. ಬ್ಯಾಟ್‌ಮ್ಯಾನ್ ರೀ, ಯಾವನೋ ಮೂಲೆಯವನಲ್ಲ. 2005ರಲ್ಲಿ ಬ್ಯಾಟ್‌ಮ್ಯಾನ್ ಬಿಗಿನ್ಸ್ ಬಂದಾಗ ಮೊದಲ ವಾರಾಂತ್ಯ 4.9 ಕೋಟಿ ಡಾಲರ್ ಮಾತ್ರ. ಜನ ನಂಬಲಿಲ್ಲ. ಆಮೇಲೆ ಒಬ್ಬರಿಂದ ಒಬ್ಬರಿಗೆ ಮಾತು ಹರಡಿ ಅಮೆರಿಕದಲ್ಲಿ 20 ಕೋಟಿ ದಾಟಿತು. ಆ ನಂಬಿಕೆಗೆ ಬಡ್ಡಿ ಸಿಕ್ಕಿದ್ದು 2008ರಲ್ಲಿ. ದಿ ಡಾರ್ಕ್ ನೈಟ್ ಓಪನಿಂಗ್ 15.8 ಕೋಟಿ. ಅದೇ ಹೀರೋ, ಅದೇ ಮುಖವಾಡ, ಮೂರೇ ವರ್ಷ. ಮೂರರಷ್ಟು ಜಾಸ್ತಿ. ಅದರಲ್ಲಿ ಜೋಕರ್ ಆಗಿದ್ದ ಹೀತ್ ಲೆಡ್ಜರ್ ಬಿಡುಗಡೆಗೆ ಮುಂಚೆಯೇ ತೀರಿಕೊಂಡಿದ್ದರಿಂದ ಕುತೂಹಲ ಇತ್ತು, ಅದೂ ನಿಜ. ಆದರೆ ಬರೀ ಕುತೂಹಲಕ್ಕೆ ಅಮೆರಿಕ ಒಂದರಲ್ಲೇ 53 ಕೋಟಿ ಬರೋದಿಲ್ಲ.

ಇನ್ನು 'ಪಾಪ್ಯುಲರ್ ಹೀರೋ' ಅನ್ನೋದೇ ದೊಡ್ಡ ಗೊಂದಲ. ಮಾರ್ವೆಲ್ ಅನ್ನೋ ಕಾಮಿಕ್ಸ್ ಕಂಪನಿ 1996ರಲ್ಲಿ ದಿವಾಳಿ ಅರ್ಜಿ ಹಾಕಿತ್ತು. ಆ ದಶಕದಲ್ಲಿ ಸಿನಿಮಾ ಹಕ್ಕುಗಳನ್ನು ಒಂದೊಂದಾಗಿ ಮಾರಿಕೊಂಡಿತು. ಎಕ್ಸ್‌ಮೆನ್ ಒಂದು ಕಡೆ, ಸ್ಪೈಡರ್‌ಮ್ಯಾನ್ ಇನ್ನೊಂದು ಕಡೆ. ಮನೆಯ ಒಳ್ಳೆ ಪಾತ್ರೆ ಎಲ್ಲ ಅಡವಿಟ್ಟ ಮೇಲೆ ಕೊನೆಗೆ ಕೈಗೆ ವಾಪಸ್ ಬಂದಿದ್ದು ಹಳೇ ಹಿತ್ತಾಳೆ ಚೊಂಬು. ಅದೇ ಐರನ್ ಮ್ಯಾನ್! ಕಾಮಿಕ್ಸ್ ಓದೋರಿಗೆ ಗೊತ್ತಿದ್ದ, ಬೇರೆಯವರಿಗೆ ಇಲ್ಲ. 2008ರಲ್ಲಿ ಸಿನಿಮಾ 58 ಕೋಟಿ ಡಾಲರ್ ದುಡಿಯಿತು, ಇವತ್ತು ಜಾತ್ರೆಯಲ್ಲಿ ಅವನ ಮುಖವಾಡವೂ ತೂಗುತ್ತೆ. ಅಕ್ವಾಮ್ಯಾನ್ ಅಂತೂ ಮೀನಿನ ಜೊತೆ ಮಾತಾಡೋನು ಅಂತ ಹತ್ತಾರು ವರ್ಷ ತಮಾಷೆಗೆ ಸಿಕ್ಕಿದವನು. 2018ರಲ್ಲಿ ಅವನ ಸಿನಿಮಾ 114 ಕೋಟಿ ದಾಟಿತು. ಹೆಸರು ಸಿನಿಮಾನ ಓಡಿಸುತ್ತೆ ಅಂತೀರಲ್ಲ, ಇಲ್ಲಿ ಸಿನಿಮಾನೇ ಹೆಸರು ತಂದುಕೊಟ್ಟಿದೆ.

ಖಾರಾಬಾತ್ ಕೇಸರಿಬಾತ್

ಕ್ಷಮಿಸಿ, ಎಲ್ಲ ತುಂಬ ನೀಟಾಗಿ ಹೇಳುತ್ತಿದ್ದೀರಿ. 'ಚೆನ್ನಾಗಿದೆ' ಅಂತ ಹೇಳೋರು ಯಾರು ಅಂತ ಒಬ್ಬರೂ ಕೇಳಲಿಲ್ಲ.

ವಿಮರ್ಶಕರಿಗೆ ಹಿಡಿಸದ್ದು ಜನಕ್ಕೆ ಹಿಡಿಸಬಹುದು. ವೆನಮ್‌ಗೆ ಅಮೆರಿಕದಲ್ಲಿ ಸಿನಿಮಾಸ್ಕೋರ್‌ನವರು ಥಿಯೇಟರ್ ಬಾಗಿಲಲ್ಲೇ ಜನರನ್ನು ಕೇಳಿದಾಗ ಬಿ ಪ್ಲಸ್ ಬಂತು, ಬ್ಯಾಟ್‌ಮ್ಯಾನ್ ವರ್ಸಸ್ ಸೂಪರ್‌ಮ್ಯಾನ್‌ಗೆ ಬಂದಿದ್ದು ಬರೀ ಬಿ. ಚೀನಾದವರಂತೂ ವೆನಮ್‌ಗೆ ಸುಮಾರು 27 ಕೋಟಿ ಡಾಲರ್ ಕೊಟ್ಟರು. ಒಬ್ಬ ಮನುಷ್ಯ, ಅವನ ಹೊಟ್ಟೆಯೊಳಗೆ ಸದಾ ಹಸಿದಿರೋ ಒಂದು ದೆವ್ವ, ಇಬ್ಬರಿಗೂ ಗಂಡ ಹೆಂಡಿರ ಹಾಗೆ ಜಗಳ. ನನಗೂ ಅದು ಇಷ್ಟ ಆಯಿತು, ನಾಚಿಕೆ ಏನಿಲ್ಲ. ಆಮೇಲೆ ವೆನಮ್ ಮಾಡಿದ ಸೋನಿಯವರೇ ಮೋರ್ಬಿಯಸ್ ಅನ್ನೋ ಸಿನಿಮಾ ಮಾಡಿದರು. ಇಂಟರ್‌ನೆಟ್ ತುಂಬ ಅದರದೇ ಮೀಮು. ಇಷ್ಟೊಂದು ಮಾತಾಡ್ತಿದ್ದಾರಲ್ಲ ಅಂತ ಖುಷಿಯಾಗಿ ಅಮೆರಿಕದಲ್ಲಿ ಸಾವಿರಕ್ಕೂ ಜಾಸ್ತಿ ಥಿಯೇಟರ್‌ಗಳಿಗೆ ಮತ್ತೆ ಬಿಟ್ಟರು. ವಾರಾಂತ್ಯಕ್ಕೆ ಬಂದಿದ್ದು 3 ಲಕ್ಷ ಡಾಲರ್ ಅಷ್ಟೇ, ಥಿಯೇಟರ್‌ಗೆ 300 ಡಾಲರ್ ಲೆಕ್ಕ. ನಗೋರು ಬೇರೆ, ಟಿಕೆಟ್ ತಗೊಳ್ಳೋರು ಬೇರೆ. ಇದನ್ನು ನಿಮ್ಮ ರೂಮ್‌ಮೇಟ್‌ಗೆ ಹೇಳಿ.

2021ರ ಸುಯಿಸೈಡ್ ಸ್ಕ್ವಾಡ್ ಉದಾಹರಣೆ ಬಿಟ್ಟುಬಿಡಿ ದಯವಿಟ್ಟು. ಕೋವಿಡ್ ಕಾಲ, ಅಮೆರಿಕದಲ್ಲಿ ಅದೇ ದಿನ ಎಚ್‌ಬಿಓ ಮ್ಯಾಕ್ಸ್‌ನಲ್ಲಿ ಮನೇಲೇ ಸಿಗುತ್ತಿತ್ತು. ಮನೆಗೇ ಹಾಲು ಬರುವಾಗ ಡೈರಿಗೆ ಯಾರು ಹೋಗುತ್ತಾರೆ?

ನಿಮ್ಮ ಸಿದ್ಧಾಂತಕ್ಕೆ ನಿಜವಾದ ತೊಡಕು ಮಾರ್ವೆಲ್‌ನ 2025ರ ಸಿನಿಮಾ ಥಂಡರ್‌ಬೋಲ್ಟ್ಸ್. ವಿಮರ್ಶಕರೂ ಹೊಗಳಿದರು, ನೋಡಿದ ಜನರೂ ಎ ಮೈನಸ್ ಕೊಟ್ಟರು, ಪ್ರಪಂಚ ಪೂರ್ತಿ ಸೇರಿ ಬಂದಿದ್ದು 38 ಕೋಟಿ. ಚೆನ್ನಾಗಿದೆ ಅಂತ ಗೊತ್ತಾದ ಮೇಲೂ ಜನ ಬರಲಿಲ್ಲ, ಇದಕ್ಕೇನಂತೀರಿ?

ಕಾಮಿಕ್ಸ್‌ಕಪಾಟು

@ಖಾರಾಬಾತ್ ಕೇಸರಿಬಾತ್, ನಾನು ಹೇಳಿದ ಬಿಲ್ಲು ಅದೇ ರೀ. ಕ್ಯಾಪ್ಟನ್ ಮಾರ್ವೆಲ್ 2019ರಲ್ಲಿ 113 ಕೋಟಿ ಡಾಲರ್ ತಂದಳು, ಯಾಕೆಂದರೆ ಅದಕ್ಕೂ ಮುಂಚಿನ ಅವೆಂಜರ್ಸ್ ಸಿನಿಮಾ ಇನ್ಫಿನಿಟಿ ವಾರ್ ಕೊನೆಯಲ್ಲಿ ಅವಳ ಗುರುತು ತೋರಿಸಿ ಬಿಟ್ಟಿದ್ದರು, ಅದರ ಮುಂದಿನ ಭಾಗ ಎಂಡ್‌ಗೇಮ್‌ಗೆ ಇನ್ನು ಒಂದೂವರೆ ತಿಂಗಳಿತ್ತು. ನಾಲ್ಕು ವರ್ಷ ಬಿಟ್ಟು ಅವಳದೇ ಮುಂದಿನ ಭಾಗ ದಿ ಮಾರ್ವೆಲ್ಸ್, 20 ಕೋಟಿ. ಮಧ್ಯೆ ಏನಾಯಿತು? ಅದನ್ನು ಅರ್ಥ ಮಾಡಿಕೊಳ್ಳೋಕೆ ಓಟಿಟಿಯಲ್ಲಿ ಎರಡು ಮೂರು ಸೀರೀಸ್ ನೋಡಿರಬೇಕು ಅಂತ ಜನಕ್ಕೆ ಅನ್ನಿಸಿತು. ಸಿನಿಮಾ ಹೋಂವರ್ಕ್ ಆಯಿತು. ಥಂಡರ್‌ಬೋಲ್ಟ್ಸ್‌ನಲ್ಲಿ ಇದ್ದವರೂ ಹಳೇ ಸಿನಿಮಾ, ಸೀರೀಸ್‌ಗಳಿಂದ ಬಂದ ಎರಡನೇ ಸಾಲಿನವರು. ಅಣ್ಣ ಮಾಡಿದ ಸಾಲ ತಮ್ಮ ತೀರಿಸಿದ ಹಾಗೆ.

ಮಲ್ಲಿಗೆಮೊಗ್ಗು

ನನ್ನದು ಮನೆಯ ಲೆಕ್ಕ. ನಾವು ನಾಲ್ಕು ಜನ. ಟಿಕೆಟ್, ಪಾಪ್‌ಕಾರ್ನ್, ಪಾರ್ಕಿಂಗ್ ಸೇರಿದರೆ ಎರಡು ಸಾವಿರದ ಮೇಲೆ. ಮೊದಲು ದೊಡ್ಡ ಮಗ ಮೊದಲ ದಿನವೇ ಹೋಗಬೇಕು ಅಂತ ಹಟ ಮಾಡುತ್ತಿದ್ದ, ಇಲ್ಲದಿದ್ದರೆ ಸ್ಕೂಲಿನಲ್ಲಿ ಯಾರಾದರೂ ಕಥೆ ಹೇಳಿಬಿಡುತ್ತಾರೆ ಅಂತ. ಈಗ ಅವನೇ "ಅಮ್ಮ, ಎರಡು ತಿಂಗಳು ತಡಿ, ಮನೇಲೇ ಬರುತ್ತೆ" ಅನ್ನುತ್ತಾನೆ. ಹಾಗಾಗಿ ಈಗ 'ಚೆನ್ನಾಗಿದೆ' ಅನ್ನೋದು ಸಾಲಲ್ಲ, 'ಇವತ್ತೇ ಹೋಗಬೇಕು' ಅನ್ನಿಸಬೇಕು.

ಹೋದ ವರ್ಷ, 2025ರಲ್ಲಿ, ನಮಗೆ ಹಾಗೆ ಅನ್ನಿಸಿದ್ದು ಮಲಯಾಳಂನ ಲೋಕಃ. ಕಥೆ ನಡೆಯೋದು ನಮ್ಮ ಬೆಂಗಳೂರಲ್ಲೇ. ಇಲ್ಲಿನ ಹುಡುಗಿಯರ ಬಗ್ಗೆ ಇದ್ದ ಒಂದು ಮಾತಿಗೆ ನಮ್ಮವರು ಬೇಸರ ಮಾಡಿಕೊಂಡು ನಿರ್ಮಾಪಕರು ಕ್ಷಮೆ ಕೇಳಿದ್ದೂ ಆಯಿತು. ಆ ಹೀರೋಯಿನ್ ಯಾವ ಕಾಮಿಕ್ಸ್‌ನಲ್ಲೂ ಇರಲಿಲ್ಲ. ಆದರೆ ಕೇರಳದ ಕಳ್ಳಿಯಂಕಾಟ್ಟ್ ನೀಲಿ ಅನ್ನೋ ಯಕ್ಷಿ ಕಥೆಯಿಂದ ಬಂದವಳು, ಅಲ್ಲಿ ಅಜ್ಜಿಯರೆಲ್ಲ ಹೇಳೋ ಕಥೆ. ಸುಮಾರು 30 ಕೋಟಿ ರೂಪಾಯಿಯಲ್ಲಿ ಮಾಡಿದ್ದಂತೆ, 300 ಕೋಟಿ ಹತ್ತಿರ ಬಂತು. ಪಕ್ಕದ ಮನೆಯ ಮಲಯಾಳಿ ಆಂಟಿ ಎರಡು ಸಲ ನೋಡಿ ಬಂದು ನಮ್ಮನ್ನೂ ಕಳಿಸಿದರು. ಅವರಿಗೆ ಸೂಪರ್‌ಹೀರೋ ಅಂದರೆ ಏನು ಅಂತಾನೇ ಗೊತ್ತಿಲ್ಲ, "ನೀಲಿ ಬಂದಿದ್ದಾಳೆ, ಹೋಗಿ ನೋಡು" ಅಂದರು. ಅಷ್ಟೇ.

ಶುಕ್ರವಾರದಶೋ

ಆ ಆಂಟಿಯನ್ನು ನಮ್ಮ ಥಿಯೇಟರ್ ಬಾಗಿಲಲ್ಲಿ ನಿಲ್ಲಿಸಬೇಕಿತ್ತು. ಒಂದು ಮಾತು ಬಿಟ್ಟುಹೋಗಿತ್ತು: ಖರ್ಚು. ಕಲೆಕ್ಷನ್‌ನಲ್ಲಿ ಸ್ಟುಡಿಯೋಗೆ ಸುಮಾರು ಅರ್ಧ ಸಿಗುತ್ತೆ, ಪ್ರಚಾರದ ಖರ್ಚು ಬೇರೆ. ಬಜೆಟ್‌ನ ಎರಡೂವರೆ ಪಟ್ಟು ಬಂದರೆ ಲಾಭ ಅಂತ ಒಂದು ಅಂದಾಜು ಹಾಕುತ್ತಾರೆ. 5.8 ಕೋಟಿ ಡಾಲರ್‌ನ ಡೆಡ್‌ಪೂಲ್ 78 ಕೋಟಿ ತಂದರೆ ಹಬ್ಬ, ಸುಮಾರು 18 ಕೋಟಿ ಖರ್ಚು ಮಾಡಿದ ಥಂಡರ್‌ಬೋಲ್ಟ್ಸ್ 38 ತಂದರೆ ಮೌನ.

ಕೊನೇಬೆಂಚು

ಎಲ್ಲರಿಗೂ ಥ್ಯಾಂಕ್ಸ್. ರೂಮ್‌ಮೇಟ್‌ಗೆ ಓದಿ ಹೇಳಿದೆ. ಮೊದಲ ಮೂರು ದಿನದ ಟೀ ಅವನದಂತೆ, ಎರಡನೇ ವಾರದ್ದು ನನ್ನದಂತೆ. ಬಿಲ್ ಅರ್ಧ ಅರ್ಧ ಆಯಿತು, ಬನ್ನಿನ ದುಡ್ಡು ಮಾತ್ರ ನಾನೇ ಕೊಟ್ಟೆ.

ರಾತ್ರಿ ಅಕ್ಕನಿಗೆ ಫೋನ್ ಮಾಡಿದ್ದೆ. ಅವಳ ಮಗನಿಗೆ "ಸ್ಪೈಡರ್‌ಮ್ಯಾನ್ ಸಿನಿಮಾ ಬಂದರೆ ಹೋಗೋಣ್ವೇನೋ?" ಅಂತ ಕೇಳಿದೆ. ಸ್ವಲ್ಪ ಯೋಚನೆ ಮಾಡಿ, "ಬೇಡ ಮಾಮ, ಚಪ್ಪಲಿ ಚಿಕ್ಕದಾಗಿದೆ, ಬೇರೆ ತಗೊಂಡು ಬಾ" ಅಂದ.