ಟ್ರಸ್ಟ್ ಆಸ್ಪತ್ರೆಗೆ ಸ್ಟಾಫ್ ನರ್ಸ್ ಆಗಿ ಹೋಗಲಾ? ಸಂಬಳ ಏಳು ಸಾವಿರ ಕಡಿಮೆ

ಕೇಳಿದವರು: ಹೊಸ ಸಿಸ್ಟರ್

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನಲ್ಲಿ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ಈಗ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿದ್ದೇನೆ. ಒಂದೂವರೆ ವರ್ಷ ಆಯಿತು. ಕೈಗೆ 23,500 ಬರುತ್ತದೆ. ಪಿಜಿಗೆ 8,000, ಊಟ, ಬಸ್ಸು ಅಂತ ಇನ್ನೊಂದು ಐದು ಸಾವಿರ. ಅಮ್ಮನಿಗೆ ಕಳಿಸಿದ ಮೇಲೆ ಉಳಿಯುವುದು ಅಷ್ಟಕ್ಕಷ್ಟೆ.

ಈಗ ಮೈಸೂರಿನಿಂದ ಎರಡು ಗಂಟೆ ದಾರಿಯ ಒಂದು ಟ್ರಸ್ಟ್ ಆಸ್ಪತ್ರೆಯಿಂದ ಕರೆ ಬಂದಿದೆ. ಕಾಡಂಚು. 60 ಬೆಡ್ಡು. ಸಂಬಳ 16,500. ಕ್ವಾರ್ಟರ್ಸ್ ಫ್ರೀ, ಮೆಸ್ಸಿಗೆ 1,800 ಹಿಡಿಯುತ್ತಾರಂತೆ.

ಹೋದ ಭಾನುವಾರ ಸುಮ್ನೆ ನೋಡಿಕೊಂಡು ಬರೋಣ ಅಂತ ಹೋಗಿದ್ದೆ. ಹೆಂಗಸರ ವಾರ್ಡಿನಲ್ಲಿ ಒಬ್ಬರು ಸಿಸ್ಟರ್ ಒಂದು ಅಜ್ಜಿಯ ಪಕ್ಕ ಸ್ಟೂಲ್ ಹಾಕಿಕೊಂಡು ಕೂತಿದ್ದರು. ಅಜ್ಜಿಗೆ ಓದು ಬರಲ್ಲ, ಅವತ್ತು ಡಿಸ್ಚಾರ್ಜ್. ಸಿಸ್ಟರ್ ಬೆಳಗಿನ ಮಾತ್ರೆಯ ಕವರಿನ ಮೇಲೆ ಪೆನ್ನಿನಲ್ಲಿ ಸೂರ್ಯ ಬರೆದರು, ರಾತ್ರಿಯದ್ದರ ಮೇಲೆ ಚಂದ್ರ. ಎರಡು ಹೊತ್ತಿನ ಮಾತ್ರೆಗೆ ಎರಡೂ. ಆಮೇಲೆ ಅಜ್ಜಿ ಕೈಲೇ ಎಲ್ಲ ಒಂದು ಸಲ ಹೇಳಿಸಿದರು. ಹತ್ತು ನಿಮಿಷ ಹಿಡಿಯಿತು. ನಮ್ಮಲ್ಲಿ ಡಿಸ್ಚಾರ್ಜ್ ಅಂದರೆ ಫೈಲು, ಸಹಿ, ಬೆಡ್‌ಶೀಟ್ ಬದಲಾವಣೆ, ಮುಂದಿನ ಪೇಶೆಂಟು. ಅದು ನೋಡಿದಾಗಿನಿಂದ ತಲೆ ಕೆಟ್ಟಿದೆ.

ಅಮ್ಮ "ಬೆಂಗಳೂರು ಬಿಟ್ಟು ಕಾಡಿಗೆ ಹೋಗ್ತೀಯಾ" ಅಂತ ಮುಖ ಊದಿಸಿಕೊಂಡಿದ್ದಾರೆ. ಅಣ್ಣ "ನಾಳೆ ಗಲ್ಫಿಗೆ ಹೋಗಬೇಕಾದರೆ ಆ ಅನುಭವ ಲೆಕ್ಕಕ್ಕೆ ಬರುತ್ತಾ" ಅಂತ ಕೇಳುತ್ತಾನೆ. ಅಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ ಇದ್ದದ್ದು ಇದ್ದಂಗೆ ಹೇಳಿ.

---

ಉತ್ತರ: ಹಾಸನದ ಬ್ರದರ್

ಹೋಗಬೇಡಿ. ನಾನು ಮೂರು ವರ್ಷ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿದ್ದೆ, ಹೆಸರು ಬೇಡ. ಸಂಬಳ ಯಾವ ತಿಂಗಳೂ ಒಂದನೇ ತಾರೀಖಿಗೆ ಬಂದಿದ್ದಿಲ್ಲ. ಒಂದು ಸಲ ಎರಡು ತಿಂಗಳದ್ದು ಒಟ್ಟಿಗೆ ಬಂತು. ಕೇಳಿದರೆ "ಇದು ಸೇವೆ ಕಣಪ್ಪ" ಅಂತ ಒಂದೇ ಮಾತು. ನನ್ನ ಬೈಕಿನ ಇಎಂಐಗೆ ಸೇವೆ ಅರ್ಥ ಆಗಲ್ವಲ್ಲ! ಬಿಡುವಾಗ ಒರಿಜಿನಲ್ ಮಾರ್ಕ್ಸ್ ಕಾರ್ಡ್ ವಾಪಸ್ ಪಡೆಯಲು ನಾಲ್ಕು ಸಲ ಓಡಾಡಿದೆ. ಪೇಶೆಂಟ್‌ಗಳು ಒಳ್ಳೆಯವರು, ಅದೊಂದು ಒಪ್ಪಿಕೊಳ್ಳುತ್ತೇನೆ.

---

ಉತ್ತರ: ನೈಟ್ ಡ್ಯೂಟಿ ಅಕ್ಕ

ತಂಗಿ, ನೀನು ನನಗಿಂತ ತುಂಬಾ ಚಿಕ್ಕವಳು, ಏಕವಚನದಲ್ಲೇ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡ. ನಾನು ಇಂಥದ್ದೇ ಒಂದು ಆಸ್ಪತ್ರೆಯಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಬ್ರದರ್ ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ಟ್ರಸ್ಟ್ ಆಸ್ಪತ್ರೆ ಅಂದರೆ ಎಲ್ಲ ಒಂದೇ ಅಚ್ಚಿನವು ಅಂದುಕೊಳ್ಳಬೇಡ. ಮೈಸೂರಿನ ಮಿಷನ್ ಆಸ್ಪತ್ರೆ 1906ರದ್ದು. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಸುದರ್ಶನ್ ಅವರು ಸೋಲಿಗರ ನಡುವೆ ಕೇಂದ್ರ ಕಟ್ಟಿದ್ದು 1981ರಲ್ಲಿ. ಎಚ್.ಡಿ. ಕೋಟೆ ಕಡೆ ಕೆಲಸ ಮಾಡುವ ಸಂಸ್ಥೆಯನ್ನು 1984ರಲ್ಲಿ ಶುರು ಮಾಡಿದ್ದು ಮೈಸೂರು ಮೆಡಿಕಲ್ ಕಾಲೇಜಿನ ಹುಡುಗರು. ಒಂದೊಂದರ ನಡವಳಿಕೆ ಒಂದೊಂದು ಥರ. ಬೋರ್ಡಿನ ಮೇಲಿನ ಹೆಸರು ನೋಡಬೇಡ, ರಾತ್ರಿ ಹೇಗೆ ನಡೆಯುತ್ತದೆ ನೋಡು.

ಒಂದು ರಾತ್ರಿ ಹೇಳುತ್ತೇನೆ. ನಾನು ಸೇರಿ ನಾಲ್ಕು ತಿಂಗಳಾಗಿತ್ತು. ಮುಂಗಾರು ಶುರುವಾದ ಹೊಸತು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ರಾತ್ರಿ ಹೊತ್ತು ಕೊಡುತ್ತಾರಲ್ಲ, ಅರಿಶಿನಕ್ಕೆ ನೀರು ಬಿಡಲು ಹೋದ ಒಬ್ಬರ ಕಾಲಿಗೆ ಕೊಳಕುಮಂಡಲ ಕಚ್ಚಿತ್ತು. ಹನ್ನೊಂದೂವರೆಗೆ ಗೂಡ್ಸ್ ಆಟೋದಲ್ಲಿ ಕರೆತಂದರು. ಪಾದ ಆಗಲೇ ಬಾತುಕೊಂಡಿತ್ತು. ಹಾವು ಯಾವುದು ಅಂತ ಅವರೇನೋ ಹೇಳಿದರು, ಆದರೆ ಕತ್ತಲಲ್ಲಿ ಕಂಡ ಹಾವನ್ನು ನಂಬುವ ಹಾಗಿಲ್ಲ. ರಾತ್ರಿ ನಮ್ಮ ಲ್ಯಾಬ್ ಇರಲ್ಲ. ಇರುವುದು ಒಂದೇ ಪರೀಕ್ಷೆ. 2 ಮಿಲಿ ರಕ್ತ ತೆಗೆದು ಗಾಜಿನ ಟೆಸ್ಟ್ ಟ್ಯೂಬಿಗೆ ಹಾಕಿ, 20 ನಿಮಿಷ ಅಲುಗಾಡಿಸದೆ ನಿಲ್ಲಿಸಿ, ಆಮೇಲೆ ಒಂದೇ ಒಂದು ಸಲ ಬಗ್ಗಿಸಿ ನೋಡುವುದು. ಗಡ್ಡೆ ಕಟ್ಟಿ ಅಂಟಿಕೊಂಡಿದ್ದರೆ ಸದ್ಯಕ್ಕೆ ಉಸಿರು ಬಿಡಬಹುದು. ನೀರಿನ ಹಾಗೆ ಹರಿದರೆ ವಿಷ ರಕ್ತದ ಮೇಲೆ ಕೆಲಸ ಶುರು ಮಾಡಿದೆ ಅಂತ.

ನಾನು ಹಾಕಿಟ್ಟೆ. ಡಾಕ್ಟರು ಬಂದವರು ಟ್ಯೂಬ್ ನೋಡಿ, "ಸಿಸ್ಟರ್, ಇದು ಹೊಸದಾ, ತೊಳೆದಿದ್ದಾ?" ಅಂದರು. ಡ್ರಾಯರಿನಲ್ಲಿ ಸಿಕ್ಕಿದ್ದು ಸೋಪಿನ ಪುಡಿಯಲ್ಲಿ ತೊಳೆದಿಟ್ಟಿದ್ದ ಟ್ಯೂಬು. ಅದಕ್ಕೇನಾಯಿತು ಅಂತ ನನಗೆ ಗೊತ್ತಾಗಲಿಲ್ಲ. ಅವರು ಬೈಯಲಿಲ್ಲ. ಸ್ಟೋರಿನಿಂದ ಹೊಸ ಟ್ಯೂಬ್ ತರಿಸಿ ಪೇಶೆಂಟಿಗೆ ಮತ್ತೆ ಹಾಕಿಸಿದರು. ಆಮೇಲೆ ಅಂಗಿಯ ತೋಳು ಮಡಿಸಿ ಕೈಯನ್ನು ನನ್ನ ಮುಂದೆ ಹಿಡಿದು, "ನನ್ನದೂ ತೆಗೀರಿ, ತೊಳೆದ ಟ್ಯೂಬಿಗೇ ಹಾಕಿ" ಅಂದರು. 20 ನಿಮಿಷ ಆದ ಮೇಲೆ ಮೂರೂ ಬಗ್ಗಿಸಿದೆ. ಯಾವ ಹಾವೂ ಕಚ್ಚದ ಡಾಕ್ಟರ ರಕ್ತವೂ ನೀರು ನೀರು! ಸೋಪಿನ ಪಸೆ ಉಳಿದಿದ್ದರೆ ಒಳ್ಳೆಯ ರಕ್ತವೂ ಹೆಪ್ಪುಗಟ್ಟಲ್ಲ. ಹೊಸ ಟ್ಯೂಬಿನಲ್ಲೂ ಪೇಶೆಂಟಿನದ್ದು ಹರಿಯಿತು, ಹಾಗಾಗಿ ಔಷಧ ಬೇಕೇ ಬೇಕಿತ್ತು. ಆದರೆ ನಾನು ಆ ಪಾಠ ಸಾಯೋವರೆಗೂ ಮರೆಯಲ್ಲ. ಈಗ ಹೊಸಬರು ಬಂದರೆ ಮೊದಲ ದಿನವೇ ಆ ಡ್ರಾಯರ್ ತೆಗೆದು ತೋರಿಸುತ್ತೇನೆ.

ಹಾವಿನ ಔಷಧ ಪುಡಿಯ ರೂಪದಲ್ಲಿರುತ್ತದೆ. ಒಂದೊಂದು ವಯಲ್‌ಗೆ 10 ಮಿಲಿ ನೀರು. ಅವಸರಕ್ಕೆ ಕುಲುಕಿದೆಯೋ, ಬರೀ ನೊರೆ. ಅಂಗೈಯಲ್ಲಿ ಹಿಡಿದು ಮೆಲ್ಲಗೆ ತಿರುಗಿಸಬೇಕು, ಮಜ್ಜಿಗೆ ಕಡೆಯುವ ಕೈ ಅಲ್ಲಿ ನಡೆಯಲ್ಲ. ಅವತ್ತು ಹತ್ತು ವಯಲ್. ಪಕ್ಕದಲ್ಲಿ ಅಡ್ರಿನಲಿನ್ ಸಿರಿಂಜಿಗೆ ಎಳೆದು ಇಟ್ಟುಕೊಂಡಿದ್ದೆ, ಯಾಕೆಂದರೆ ಅದೇ ಔಷಧಕ್ಕೆ ಕೆಲವರಿಗೆ ಮೈಯೆಲ್ಲ ದದ್ದು ಎದ್ದು ಉಸಿರು ಕಟ್ಟುತ್ತದೆ. ಆರು ಗಂಟೆ ಬಿಟ್ಟು ಮತ್ತೆ ಟ್ಯೂಬು. ಆಗ ಹೆಪ್ಪುಗಟ್ಟಿತ್ತು. ಇದೆಲ್ಲ ದೊಡ್ಡ ಆಸ್ಪತ್ರೆಯಲ್ಲಿ ನಿನಗೆ ಎಷ್ಟು ಸಲ ಸಿಗುತ್ತದೆ ಹೇಳು? 2024ರಲ್ಲಿ ನಮ್ಮ ರಾಜ್ಯ ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕು ಅಂತ ಮಾಡಿತು. ಆ ರಿಜಿಸ್ಟರ್ ಬರೆಯುವುದೂ ನಮ್ಮದೇ ತಲೆ ಮೇಲೆ.

ಔಷಧ ಇಳಿಯುತ್ತಿರುವಾಗ ಅವರ ಹೆಂಡತಿ ಓಲೆ ಬಿಚ್ಚಿ ಕೌಂಟರಿನ ಮೇಲೆ ಇಟ್ಟಿದ್ದರು. ಕೌಂಟರಿನ ಹುಡುಗ ಅದನ್ನು ಅವರ ಸೆರಗಿಗೇ ಗಂಟು ಹಾಕಿಸಿದ. "ಬೆಳಿಗ್ಗೆ ನೋಡೋಣ ಅಕ್ಕ" ಅಂದ, ಅಷ್ಟೆ. ನಾನು ಹನ್ನೊಂದು ವರ್ಷ ಇಲ್ಲೇ ಇರುವುದಕ್ಕೆ ಕಾರಣ ಕೇಳಿದರೆ ಆ ಹುಡುಗನನ್ನು ತೋರಿಸುತ್ತೇನೆ. ನನ್ನ ಕೈಯಲ್ಲಿ ವಯಲ್ ಇರುವಾಗ ದುಡ್ಡು ಕಟ್ಟಿದ್ದಾರಾ ಅಂತ ಒಬ್ಬರೂ ಫೋನ್ ಮಾಡಿದ್ದಿಲ್ಲ.

ಹಾಗಂತ ದುಡ್ಡು ಆಕಾಶದಿಂದ ಉದುರಲ್ಲ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಆದರೆ ಎಮರ್ಜೆನ್ಸಿ ಬಿಟ್ಟರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಚೀಟಿ ಇಲ್ಲದೆ ನೇರ ಬರುವವರೇ ಜಾಸ್ತಿ. ಚಿಕಿತ್ಸೆ ಇವತ್ತು, ಸ್ಕೀಮಿನ ದುಡ್ಡು ಯಾವತ್ತೋ. ಆ ನಡುವಿನ ಸಮಯದಲ್ಲೇ ನಮ್ಮ ಸಂಬಳ ಸಿಕ್ಕಿಕೊಳ್ಳುವುದು. ನಮ್ಮಲ್ಲೂ ಒಂದು ವರ್ಷ ಹಾಗಾಯಿತು. ಆದರೆ ಆಡಳಿತದವರು ಎಲ್ಲರನ್ನೂ ಕೂರಿಸಿ, ಎಷ್ಟು ಬರಬೇಕು, ಯಾವಾಗ ಬರಬಹುದು ಅಂತ ಬಾಯಿಬಿಟ್ಟು ಹೇಳಿದರು. ಡಾಕ್ಟರುಗಳು ತಮ್ಮದು ಕೊನೆಗೆ ತೆಗೆದುಕೊಂಡರು. ಬ್ರದರ್‌ಗೆ ಸಿಟ್ಟು ಬಂದಿದ್ದು ತಡಕ್ಕಿಂತ ಆ "ಸೇವೆ ಕಣಪ್ಪ" ಮಾತಿಗೆ ಅನ್ನಿಸುತ್ತದೆ.

ಕಷ್ಟ ಏನು ಅಂತಲೂ ಕೇಳು. ರಾತ್ರಿ 40 ಪೇಶೆಂಟಿಗೆ ನಾವು ಇಬ್ಬರು. ಒಬ್ಬಳು ಹೆರಿಗೆಗೆ ಹೋದರೆ ಇನ್ನೊಬ್ಬಳೇ ಉಳಿದಿದ್ದಕ್ಕೆಲ್ಲ. ನಾವು ಕಲಿಸಿದ ಹುಡುಗಿಯರು ವರ್ಷದೊಳಗೆ ಹಾರಿಹೋಗುತ್ತಾರೆ, ಮತ್ತೆ ಡ್ರಾಯರ್ ತೋರಿಸುವುದರಿಂದ ಶುರು. ದಾನಿಗಳು ಬಂದರೆ ಅರ್ಧ ದಿನ ಫೋಟೋಗೇ ಹೋಗುತ್ತದೆ. ಒಬ್ಬರು ಹೊರದೇಶದ ದೊಡ್ಡ ಮಾನಿಟರ್ ಕೊಟ್ಟರು. ಅದರ ಬೆರಳಿಗೆ ಹಾಕುವ ಪ್ರೋಬ್ ಕೆಟ್ಟಿತು, ಇಲ್ಲಿ ಎಲ್ಲೂ ಸಿಗಲಿಲ್ಲ. ಈಗ ಅದರ ಮೇಲೆ ಹತ್ತಿ ಬಂಡಲ್ ಇಡುತ್ತೇವೆ. ಗ್ಲೌಸ್ ಲೆಕ್ಕ ಹಾಕಿ ಕೊಡುವ ಕಡೆ ಆ ಮಾನಿಟರು! ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು.

ಆ ಅರಿಶಿನದವರು ಸಂಕ್ರಾಂತಿ ಹೊತ್ತಿಗೆ ಎರಡು ಮೂಟೆ ಅವರೆಕಾಯಿ ತಂದು ಮೆಸ್ಸಿನ ಮುಂದೆ ಇಳಿಸಿ ಹೋದರು. ವಾರವಿಡೀ ಅವರೆಕಾಳು ಸಾರು, ಅವರೆಕಾಳು ಉಪ್ಪಿಟ್ಟು, ಹಿದುಕಿದ ಬೇಳೆ. ಕೊನೆಗೆ ಡಾಕ್ಟರೇ ಸಾಕಪ್ಪಾ ಅಂದರು.

ಈಗ ನೀನು ಮಾಡಬೇಕಾದ್ದು. ನೇಮಕಾತಿ ಪತ್ರ ಕೈಗೆ ಬರದೆ ಈಗಿನ ಕೆಲಸಕ್ಕೆ ರಿಸೈನ್ ಮಾಡಬೇಡ. ಪಿಎಫ್ ಇದೆಯಾ ಕೇಳು. ಇಎಸ್‌ಐಗೆ ಸಂಬಳದ ಮಿತಿ 21,000, ಅಲ್ಲಿಯ ಸಂಬಳ ಅದರೊಳಗೇ ಬರುತ್ತದೆ, ಅದನ್ನೂ ಕೇಳು. ಒರಿಜಿನಲ್ ಸರ್ಟಿಫಿಕೇಟ್ ಯಾರ ಕೈಗೂ ಕೊಡಬೇಡ, ತೋರಿಸಿ ವಾಪಸ್ ಇಟ್ಟುಕೋ. ರಾತ್ರಿ ಡಾಕ್ಟರು ಕ್ಯಾಂಪಸ್ಸಿನಲ್ಲೇ ಇರುತ್ತಾರಾ, ಫೋನಿನಲ್ಲಿ ಮಾತ್ರವಾ? ದುಡ್ಡಿಲ್ಲದವರು ರಾತ್ರಿ ಬಂದರೆ ತೀರ್ಮಾನ ಯಾರದು? ಈ ಕೊನೆಯದನ್ನು ಆಫೀಸಿನಲ್ಲಿ ಕೇಳಬೇಡ. ವಾರ್ಡಿನ ಆಯಾ ಹತ್ತಿರ ಕೇಳು, ಸರಿಯಾದ ಉತ್ತರ ಅಲ್ಲೇ ಸಿಗುವುದು.

---

ಉತ್ತರ: ಮಸ್ಕತ್ ಮಂಡ್ಯ

ಅಣ್ಣನ ಪ್ರಶ್ನೆಗೆ ನಾನು ಹೇಳುತ್ತೇನೆ. ನಾನು ಟ್ರಸ್ಟ್ ಆಸ್ಪತ್ರೆಯ ಅನುಭವದ ಮೇಲೇ ಇಲ್ಲಿಗೆ ಬಂದವನು. ಇಲ್ಲಿಯವರು ನಮ್ಮ ಕಾಗದ ಪತ್ರ ನೋಡಿ ಸುಮ್ಮನಾಗಲ್ಲ. ಡೇಟಾಫ್ಲೋ ಅಂತ ಒಂದು ಕಂಪನಿ ನೇರ ಆಸ್ಪತ್ರೆಗೇ ಬರೆದು "ಇವರು ನಿಮ್ಮಲ್ಲಿ ಇದ್ದಿದ್ದು ನಿಜವಾ" ಅಂತ ಕೇಳುತ್ತದೆ. ಆ ಮೇಲ್‌ಗೆ ಉತ್ತರ ಕೊಡುವ ಆಫೀಸು ಇರಬೇಕು, ಅಷ್ಟೆ. ನನ್ನ ಹಳೇ ಆಸ್ಪತ್ರೆಯಲ್ಲಿ ಮೇಲ್ ನೋಡುವ ಗುಮಾಸ್ತರು ರಜೆಯಲ್ಲಿದ್ದರು, ನನ್ನ ಫೈಲು ಒಂದು ತಿಂಗಳು ಅಲ್ಲೇ ಕೂತಿತ್ತು. ಆಸ್ಪತ್ರೆಗೆ ಕೆಪಿಎಂಇ (ಖಾಸಗಿ ಆಸ್ಪತ್ರೆಗಳ ಸರ್ಕಾರಿ ನೋಂದಣಿ) ಇದೆಯಾ ನೋಡಿಕೊಳ್ಳಿ. ಬಿಡುವಾಗ ಎಕ್ಸ್‌ಪೀರಿಯೆನ್ಸ್ ಲೆಟರಿನಲ್ಲಿ ವಾರ್ಡು, ಬೆಡ್ ಸಂಖ್ಯೆ, ಸೇರಿದ ಬಿಟ್ಟ ತಾರೀಖು ಬರೆಸಿಕೊಳ್ಳಿ. ಮತ್ತೆ, ಕೆಎನ್‌ಸಿ (ರಾಜ್ಯದ ನರ್ಸಿಂಗ್ ಕೌನ್ಸಿಲ್) ನೋಂದಣಿಯ ರಿನ್ಯೂವಲ್ ಮರೆಯಬೇಡಿ.

---

ಉತ್ತರ: ತುಮಕೂರು ರೋಡ್

ನಾನು ನರ್ಸ್ ಅಲ್ಲ. ಬೆಂಗಳೂರಿನಲ್ಲಿ ಕರುಣಾಶ್ರಯ ಇದೆಯಲ್ಲ, ವಾಸಿಯಾಗದ ಹಂತದ ಕ್ಯಾನ್ಸರಿನವರನ್ನು ನೋಡಿಕೊಳ್ಳುವ ಜಾಗ, 1999ರಿಂದ ನಡೆಯುತ್ತಿದೆ. ನಮ್ಮ ಚಿಕ್ಕಪ್ಪ ಕೊನೆಯ ಹತ್ತೊಂಬತ್ತು ದಿನ ಅಲ್ಲಿದ್ದರು. ಅಲ್ಲಿ ಬಿಲ್ ಅನ್ನುವುದೇ ಇಲ್ಲ. ಅವರ ಕೆನ್ನೆಯ ಗಾಯದ ವಾಸನೆಗೆ ಮನೆಯಲ್ಲಿ ನಾವೇ ರೂಮಿಗೆ ಹೋಗಲು ಹಿಂಜರಿಯುತ್ತಿದ್ದೆವು, ಹೇಳಿಕೊಳ್ಳಲು ನಾಚಿಕೆ ಆಗುತ್ತದೆ. ಅಲ್ಲಿ ಸಿಸ್ಟರ್ ಮಾತ್ರೆಯ ಪುಡಿ ಉದುರಿಸಿ ಡ್ರೆಸ್ಸಿಂಗ್ ಮಾಡಿದರು. ಎರಡು ಮೂರು ದಿನಕ್ಕೆ ವಾಸನೆ ತಗ್ಗಿತು. ಚಿಕ್ಕಮ್ಮ ಮತ್ತೆ ಪಕ್ಕದಲ್ಲೇ ಕೂತು ಊಟ ಮಾಡಿಸಿದರು. ನೀವು ನೋಡಿದ ಸೂರ್ಯ ಚಂದ್ರದ ಸಿಸ್ಟರ್ ಥರದವರು ನಿಜಕ್ಕೂ ಇದ್ದಾರೆ ಅಂತ ಹೇಳಲು ಬರೆದೆ.

---

ಹೊಸ ಸಿಸ್ಟರ್

ಎಲ್ಲರಿಗೂ ಥ್ಯಾಂಕ್ಸ್. ಅಕ್ಕ, ನೀವು ಹೇಳಿದ ಹಾಗೆ ಮತ್ತೆ ಹೋಗಿ ಬಂದೆ. ಪಿಎಫ್, ಇಎಸ್‌ಐ ಎರಡೂ ಇದೆ. ಸರ್ಟಿಫಿಕೇಟ್ ಜೆರಾಕ್ಸ್ ಸಾಕಂತೆ. ರಾತ್ರಿ ಒಬ್ಬ ಡಾಕ್ಟರು ಕ್ಯಾಂಪಸ್ಸಿನಲ್ಲೇ. ಆಯಾ ಹತ್ತಿರ ಕೊನೆಯ ಪ್ರಶ್ನೆ ಕೇಳಿದೆ. ಅವರು ನನ್ನನ್ನೇ ವಿಚಿತ್ರವಾಗಿ ನೋಡಿ, "ದುಡ್ಡಿಲ್ಲ ಅಂತ ರಾತ್ರಿ ಯಾರು ವಾಪಸ್ ಕಳಿಸ್ತಾರೆ ಮಗಾ, ಬಸ್ಸಾದರೂ ಎಲ್ಲಿದೆ?" ಅಂದರು. ಸಂಬಳ ಹೋದ ವರ್ಷ ಎರಡು ಸಲ ತಡ ಆಗಿತ್ತು ಅಂತ ಆಫೀಸಿನವರೇ ಹೇಳಿದರು. ಅಮ್ಮ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ. ಮೂರನೇ ತಾರೀಖು ಸೇರುತ್ತಿದ್ದೇನೆ. ಏನೇನು ತಗೊಂಡು ಹೋಗಲಿ?

---

ನೈಟ್ ಡ್ಯೂಟಿ ಅಕ್ಕ

ದಪ್ಪ ರಗ್ಗು ಒಂದು, ಡಿಸೆಂಬರಿನಲ್ಲಿ ಚಳಿ ಜಾಸ್ತಿ. ಒಳ್ಳೆಯ ಟಾರ್ಚು, ಮೊಬೈಲ್ ಬೆಳಕು ನೆಚ್ಚಿಕೊಳ್ಳಬೇಡ. ಕ್ವಾರ್ಟರ್ಸ್ ದಾರಿಯಲ್ಲಿ ನಡೆಯುವಾಗ ಕಾಲು ಮುಚ್ಚುವ ಶೂ ಹಾಕು, ಹವಾಯಿ ಚಪ್ಪಲಿ ಬೇಡ. ಅಮ್ಮನಿಗೆ ಮೊದಲ ತಿಂಗಳು ದಿನಾ ಫೋನ್ ಮಾಡು. ಸಿಗ್ನಲ್ ನೀರಿನ ಟ್ಯಾಂಕಿನ ಹತ್ತಿರ ಸಿಗುತ್ತದೆ. ನಿಮ್ಮ ಆಸ್ಪತ್ರೆ ಯಾವುದೋ ನನಗೆ ಗೊತ್ತಿಲ್ಲ, ಆದರೆ ಇಂಥ ಕಡೆಯೆಲ್ಲ ನೀರಿನ ಟ್ಯಾಂಕಿನ ಹತ್ತಿರವೇ ಸಿಗುವುದು.