ಪುಟ್ಟಿ ಲೆಕ್ಕ ಮರೆತಿಲ್ಲ

ಅಕ್ಕಾ, ನೀನು ಕಳುಹಿಸಿದ ಧ್ವನಿ ಸಂದೇಶ ಪೂರ್ತಿ ಕೇಳಿದೆ. ಹಿಂದಿನ ರಾತ್ರಿ ಸರಾಗವಾಗಿ ಮಾಡಿದ ಲೆಕ್ಕಗಳನ್ನೇ ಪುಟ್ಟಿ ಪರೀಕ್ಷೆಯಲ್ಲಿ ತಪ್ಪು ಮಾಡಿದಳು, ಕೇಳಿದರೆ "ಎಲ್ಲಾ ಮರೆತುಹೋಯಿತು" ಎಂದಳು, ಮನೆಗೆ ಬಂದು ಅವನ್ನೇ ಮತ್ತೆ ಸರಿಯಾಗಿ ಮಾಡಿದಳು ಎಂದೆ. ಅದಕ್ಕೆ ಭಾವ, ದಿನವೂ ಗಡಿಯಾರ ಎದುರಿಗಿಟ್ಟು ಲೆಕ್ಕ ಮಾಡಿಸಿದರೆ ಮೈಗಳ್ಳತನ ಬಿಡುತ್ತದೆ ಎಂದರು. ಭಾವ, ಬೇಸರ ಮಾಡಿಕೊಳ್ಳಬೇಡಿ, ಇದು ಮೈಗಳ್ಳತನವಲ್ಲ, ಲೆಕ್ಕದ ಭಯ.

47ಕ್ಕೆ 38 ಕೂಡಿಸುವುದನ್ನೇ ನೋಡಿ, ಬಾಯಿಲೆಕ್ಕದಲ್ಲಿ. ಏಳು ಎಂಟು ಹದಿನೈದು. ಐದನ್ನು ಒಂದು ಕಡೆ ಇಟ್ಟುಕೊಳ್ಳಬೇಕು, ಒಂದು ದಶಕವನ್ನು ಹಿಡಿದುಕೊಂಡಿರಬೇಕು, ಅದು ಜಾರುವ ಮೊದಲು ನಾಲ್ಕಕ್ಕೆ ಮೂರು ಸೇರಿಸಿ ಏಳು ಎನ್ನಬೇಕು, ಹಿಡಿದ ಒಂದನ್ನು ಸೇರಿಸಿ ಎಂಟು ಮಾಡಬೇಕು, ಆಮೇಲೆ ಆ ಐದನ್ನು ಹುಡುಕಿ ತಂದು ಎಂಬತ್ತೈದು. ಇದೆಲ್ಲ ನಡೆಯುವುದು ಮನಶ್ಶಾಸ್ತ್ರದವರು ಕಾರ್ಯಸ್ಮೃತಿ ಎನ್ನುವ ಕಡೆ, ಅಂದರೆ ಕೆಲಸ ಮುಗಿಯುವವರೆಗೆ ವಿಷಯವನ್ನು ಹಿಡಿದಿಡುವ ನೆನಪಿನಲ್ಲಿ. ಅದು ಸಣ್ಣ ಸ್ಲೇಟಿನಷ್ಟೇ. "ತಪ್ಪಾದರೆ?", "ಪಕ್ಕದವಳು ಆಗಲೇ ಪುಟ ತಿರುಗಿಸಿದಳು", "ಅಪ್ಪ ಏನೆನ್ನುತ್ತಾರೋ" ಎನ್ನುವುದೂ ಅದೇ ಸ್ಲೇಟಿನ ಮೇಲೆ ಬಂದು ಕೂರುತ್ತದೆ. ಆಗ ಅಳಿಸಿಹೋಗುವುದು ಆ ದಶಕ; ಉತ್ತರ 75 ಆಗುತ್ತದೆ. ಕೂಡುವುದು ಅವಳಿಗೆ ಗೊತ್ತಿಲ್ಲವೆಂದಲ್ಲ.

ಆಶ್‌ಕ್ರಾಫ್ಟ್ ಮತ್ತು ಕರ್ಕ್ ಎಂಬ ಸಂಶೋಧಕರು 2001ರಲ್ಲಿ ಇದನ್ನು ಕಾಲೇಜು ವಿದ್ಯಾರ್ಥಿಗಳಲ್ಲಿ ಪರೀಕ್ಷಿಸಿ ತೋರಿಸಿದರು. ಕೆಲವು ಅಕ್ಷರಗಳನ್ನು ನೆನಪಿಟ್ಟುಕೊಂಡೇ ಸಂಕಲನ ಮಾಡಿ ಎಂದರು. ದಶಕ ಹಿಡಿಯಬೇಕಾದ ಲೆಕ್ಕವೂ ಬಂದು ನೆನಪಿಡಬೇಕಾದ ಅಕ್ಷರಗಳೂ ಹೆಚ್ಚಾದಾಗ, ಗಣಿತವೆಂದರೆ ಹೆದರುವವರ ತಪ್ಪುಗಳು ಉಳಿದವರಿಗಿಂತ ಬಹಳ ಏರಿದವು. ಇನ್ನೊಂದು ವಿಚಿತ್ರವಿದೆ: ಒಂದನೆಯ ಮತ್ತು ಎರಡನೆಯ ತರಗತಿಯ ಮಕ್ಕಳನ್ನು ನೋಡಿದಾಗ, ಭಯದ ಪೆಟ್ಟು ಹೆಚ್ಚಾಗಿ ಬಿದ್ದದ್ದು ಕಾರ್ಯಸ್ಮೃತಿ ಚೆನ್ನಾಗಿದ್ದವರಿಗೇ. ಆದ್ದರಿಂದ ದಡ್ಡಿ ಎಂಬ ಮಾತನ್ನು ದಯವಿಟ್ಟು ಯಾರೂ ಆಡಬೇಡಿ, ತಮಾಷೆಗೂ ಬೇಡ.

ಗಡಿಯಾರದ ಮಾತಿಗೆ ಬರುತ್ತೇನೆ. ಹೆದರಿದವರು ಕೆಲವೊಮ್ಮೆ ಬೇಗ ಮುಗಿಸಿ ಪಾರಾಗುವ ಆತುರದಲ್ಲಿ ಏನೋ ಒಂದು ಉತ್ತರ ಗೀಚುತ್ತಾರೆ. ಅಂಥವರ ಎದುರು ನಿಮಿಷ ಎಣಿಸಿದರೆ ಆ ಆತುರಕ್ಕೇ ತುಪ್ಪ ಸುರಿದಂತೆ. ಆದರೆ ಅಭ್ಯಾಸ ಬೇಕು ಎಂದು ಭಾವ ಹೇಳಿದ್ದರಲ್ಲಿ ಹುರುಳಿದೆ. ಮಗ್ಗಿ ನಾಲಿಗೆಯ ತುದಿಯಲ್ಲಿದ್ದರೆ ಆ ಸ್ಲೇಟಿನಲ್ಲಿ ಅಷ್ಟು ಜಾಗ ಉಳಿಯುತ್ತದೆ. 2015ರ ಒಂದು ಅಧ್ಯಯನದಲ್ಲಿ ಮೂರನೆಯ ತರಗತಿಯ ಮಕ್ಕಳಿಗೆ ಎಂಟು ವಾರ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಲೆಕ್ಕ ಕಲಿಸಿದ ಮೇಲೆ, ಭಯ ಹೆಚ್ಚಿದ್ದವರ ಭಯವೇ ಇಳಿಯಿತು. ಗದರಿಸದೆ ಪಕ್ಕದಲ್ಲಿ ಕೂರುವವರು ಬೇಕು, ಅಷ್ಟೇ.

ಅದು ನೀನಾಗಬೇಕೋ ಬೇಡವೋ, ಯೋಚಿಸು ಅಕ್ಕಾ. ತಾವೇ ಲೆಕ್ಕಕ್ಕೆ ಹೆದರುವ ತಂದೆತಾಯಿ ಪದೇ ಪದೇ ಮನೆಗೆಲಸದಲ್ಲಿ ನೆರವಾದರೆ, ವರ್ಷದ ಕೊನೆಗೆ ಮಕ್ಕಳು ಕಡಿಮೆ ಕಲಿತು ಹೆಚ್ಚು ಹೆದರುತ್ತಿದ್ದರು ಎಂದು ಅದೇ 2015ರಲ್ಲಿ ಬೇರೊಂದು ತಂಡ ಕಂಡುಕೊಂಡಿತು. "ನನಗೂ ಲೆಕ್ಕ ತಲೆಗೆ ಹತ್ತುತ್ತಿರಲಿಲ್ಲ" ಎಂದು ಅವಳೆದುರು ನಗುತ್ತಾ ಹೇಳುತ್ತೀಯಲ್ಲ, ಅದನ್ನಂತೂ ಇವತ್ತೇ ನಿಲ್ಲಿಸು.

ಮುಂದಿನ ಪರೀಕ್ಷೆಯ ದಿನ, ಶುರುವಾಗುವ ಮುಂಚೆ ಹತ್ತು ನಿಮಿಷ ತನಗೆ ಏನು ಭಯವಾಗುತ್ತಿದೆ ಎಂದು ಒಂದು ಹಾಳೆಯಲ್ಲಿ ಬರೆಯಲಿ. ರಮಿರೆಜ್ ಮತ್ತು ಬೈಲಾಕ್ ಎಂಬ ಸಂಶೋಧಕರು 2011ರಲ್ಲಿ ಇದನ್ನು ಮಾಡಿಸಿ ನೋಡಿದ್ದಾರೆ. ಪರೀಕ್ಷೆಗೆ ಹೆದರುವ ವಿದ್ಯಾರ್ಥಿಗಳ ಅಂಕ ಹೆಚ್ಚಿತು. ಬರೆದದ್ದನ್ನು ನೀವು ಓದಲು ಹೋಗಬೇಡಿ. ಲೆಕ್ಕ ಮಾಡುವಾಗ ದಶಕವನ್ನು ತಲೆಯಲ್ಲಿ ಇಟ್ಟುಕೊಳ್ಳದೆ ಅಂಕಿಯ ಮೇಲೆ ಸಣ್ಣದಾಗಿ ಬರೆದುಕೊಳ್ಳಲು ಹೇಳು. ಹಳೆಯ ಉತ್ತರಪತ್ರಿಕೆಯ ಫೋಟೋ ನನಗೆ ಕಳುಹಿಸು, ಎಷ್ಟು ತಪ್ಪು ದಶಕ ಬಿಟ್ಟದ್ದರಿಂದ, ಎಷ್ಟು ನಿಜವಾಗಿ ಗೊತ್ತಿಲ್ಲದ್ದರಿಂದ ಎಂದು ಗುರುತು ಹಾಕಿ ಕಳುಹಿಸುತ್ತೇನೆ.